ನೀಲಿಯವರಿಗೆ ಮಂಜೂರಾದ ಕೆಂಪು

ಮಾಲ್ಟಾ ದ್ವೀಪದ ಹಾಲ್ ದ್ವೀಲ್ ಎಂಬ ಊರಿನಲ್ಲಿ ಇಬ್ಬರು ಸಂತರು, ಎರಡು ವಾದ್ಯಸಂಘಗಳು, ಎರಡು ಬಾಣಬಿರುಸಿನ ಕಾರ್ಖಾನೆಗಳು ಮತ್ತು ಒಂದು ಔಷಧಿ ಅಂಗಡಿ ಇವೆ. ಔಷಧಿ ಅಂಗಡಿ ಒಂದೇ ಇರುವುದು ಆಡಳಿತದ ಲೋಪವೆಂದು ಊರಿನವರು ಅನೇಕ ಸಲ ಮನವಿ ಸಲ್ಲಿಸಿದ್ದಾರೆ. ಎದುರು ಪಕ್ಷದವನ ಪಕ್ಕದಲ್ಲಿ ನಿಂತು ಕೆಮ್ಮಿದರೆ ಕೆಮ್ಮು ಜಾಸ್ತಿಯಾಗುತ್ತದೆ ಎಂಬುದು ಅಲ್ಲಿ ಎಲ್ಲರ ಅನುಭವ.

ಸಂತ ಒಲಿವಾಳ ಮೇಲಂಗಿ ನೀಲಿ. ಹಾಗಾಗಿ ಅವಳ ಕಡೆಯವರ ಬಾಗಿಲು ನೀಲಿ, ಪರದೆ ನೀಲಿ, ಮದುವೆ ಕೇಕಿನ ಮೇಲಿನ ಹೂವೂ ನೀಲಿ. ಸಂತ ಪಾಂಕ್ರಾಸನ ಮೇಲಂಗಿ ಕೆಂಪು. ಅವನ ಕಡೆಯವರು ಟೊಮ್ಯಾಟೊ ಕಾಯಾಗಿರುವಾಗ ಮುಟ್ಟುವುದಿಲ್ಲ ಎಂದು ನೀಲಿಯವರು ಆಡಿಕೊಳ್ಳುತ್ತಾರೆ. ಅದು ಸುಳ್ಳು; ಮುಟ್ಟುತ್ತಾರೆ, ಆದರೆ ಬೇಜಾರಿನಿಂದ.

ಕಾರ್ಖಾನೆ ಅಂದರೆ ಚಿಮಣಿ, ಸೈರನ್ನು ಇದ್ದೀತು ಅಂದುಕೊಳ್ಳಬೇಡಿ. ಊರಾಚೆಯ ಹೊಲದಲ್ಲಿ ಒಂದಕ್ಕೊಂದು ದೂರವಾಗಿ ಕಟ್ಟಿದ ನಾಲ್ಕೈದು ಕಲ್ಲಿನ ಕೋಣೆಗಳು, ಬಾಗಿಲ ಮೇಲಿನ ಗೂಡಿನಲ್ಲಿ ಸಂತನ ವಿಗ್ರಹ, ಅಷ್ಟೇ. ಎರಡು ಕಾರ್ಖಾನೆಗಳ ನಡುವೆ ಸೊಂಟದೆತ್ತರದ ಕಲ್ಲುಗೋಡೆ. ದುಡಿಯುವವರು ಬಡಗಿ, ಬ್ಯಾಂಕಿನ ಗುಮಾಸ್ತ, ಮೀನು ಮಾರುವವನು. ಹಗಲೆಲ್ಲ ತಂತಮ್ಮ ಕೆಲಸ, ಸಂಜೆ ಹೊತ್ತು ಹವ್ಯಾಸಕ್ಕೆ ಬಾಣಬಿರುಸು. ಸಂಬಳ ಏನೂ ಇಲ್ಲ, ಮನೆಗೆ ಹೋದರೆ ಬೈಗುಳ ಮಾತ್ರ ತಪ್ಪದೆ ಸಿಗುತ್ತಿತ್ತು.

ಒಲಿವಾ ಕಾರ್ಖಾನೆಯ ಮೇಸ್ತ್ರಿ ವಿಸ್ತೀನ್. ಹೊಟ್ಟೆಪಾಡಿಗೆ ಬಸ್ಸು ಓಡಿಸುತ್ತಿದ್ದ, ಬದುಕುತ್ತಿದ್ದುದು ನೀಲಿಗೆ. ಆಕಾಶದಲ್ಲಿ ಕೆಂಪು ಯಾರು ಬೇಕಾದರೂ ಮೂಡಿಸಬಹುದು, ನೀಲಿ ಮಾತ್ರ ಮಹಾ ಹಟಮಾರಿ ಎಂದು ಅವನು ಬಸ್ಸು ಹತ್ತಿದವರಿಗೆಲ್ಲ ಹೇಳುತ್ತಿದ್ದ. ಕೆಂಪು ಕಾರ್ಖಾನೆಯ ಮೇಸ್ತ್ರಿ ಗ್ರೆಟ್ಸು ಇದಕ್ಕೆ ಸರಿಯಾದ ಉತ್ತರವನ್ನೇ ಕೊಡುತ್ತಿದ್ದ, ಆದರೆ ಬೇರೆ ಬಸ್ಸಿನಲ್ಲಿ ಕೂತು. ಗ್ರೆಟ್ಸು ವಿಸ್ತೀನನ ಹೆಂಡತಿ ಜೀಝಾಳ ಒಡಹುಟ್ಟಿದ ಅಣ್ಣ. ತಂಗಿ ನೀಲಿ ಮನೆ ಸೇರಿದ ದಿನದಿಂದ ಭಾವನಿಗೂ ಭಾವನಿಗೂ ಮಾತಿಲ್ಲ.

ಆ ವರ್ಷ ಚಳಿಗಾಲದಲ್ಲಿ ಜೀಝಾಳ ಕಣ್ಣು ಕೈಕೊಟ್ಟವು. ಆಪರೇಷನ್ ಆಯಿತು, ಕಣ್ಣಿಗೆ ಪಟ್ಟಿ ಬಿತ್ತು. ಉಳಿಯುತ್ತೋ ಇಲ್ಲವೋ ಹೇಳೋದು ಕಷ್ಟ ಅಂದುಬಿಟ್ಟರು ಡಾಕ್ಟರು. ವಿಸ್ತೀನ್ ಇಗರ್ಜಿಗೆ ಓಡಿಹೋಗಿ ಒಲಿವಾಳ ಮುಂದೆ ಮಂಡಿಯೂರಿದ.

"ಅಮ್ಮಾ ತಾಯಿ, ಇವಳ ಕಣ್ಣು ಉಳಿಸಿಕೊಡು. ನಿನ್ನ ಹಬ್ಬದ ರಾತ್ರಿ ನನ್ನ ಕೈಯಾರೆ ಮಾಡಿದ ನೀಲಿ ಬಿಡ್ತೀನಿ, ಇವಳು ಕಣ್ಣಾರೆ ನೋಡ್ಬೇಕು. ಹಿಂದೆಂದೂ ಬಿಟ್ಟಿರಬಾರದು, ಅಂಥ ನೀಲಿ."

ಕಣ್ಣು ಉಳಿದವು. ಒಲಿವಾ ಹರಕೆಯ ವಿಷಯದಲ್ಲಿ ಬಹಳ ಕಟ್ಟುನಿಟ್ಟು ಎಂಬುದು ಊರಿಗೆಲ್ಲ ಗೊತ್ತು. ಆಳೆತ್ತರದ ಮೇಣದಬತ್ತಿ ಹೇಳಿಕೊಂಡು ಮೊಣಕಾಲೆತ್ತರದ್ದು ಹಚ್ಚಿದವನ ಮೇಕೆಗಳು ಇವತ್ತಿಗೂ ಕುಂಟುತ್ತಿವೆ.

ಸರ್ಕಾರವು ವರ್ಣಜನಕ ರಾಸಾಯನಿಕಗಳ ಪ್ರಾಧಿಕಾರವನ್ನು ಸ್ಥಾಪಿಸಿದ್ದು ಇದೇ ಸುಸಂದರ್ಭದಲ್ಲಿ. ಅಲ್ಲಿಯವರೆಗೆ ನೀಲಿ ಕೊಡುವ ತಾಮ್ರದ ಪುಡಿ, ಕೆಂಪು ಕೊಡುವ ಸ್ಟ್ರಾನ್ಷಿಯಂ ಪುಡಿ ಎಲ್ಲವೂ ಬಂದರಿನ ಒಬ್ಬ ವರ್ತಕನ ಮೂಲಕ ಬರುತ್ತಿದ್ದವು. ಲೈಸೆನ್ಸು ತೋರಿಸಿ ತಂದರಾಯಿತು, ತಂಟೆ ತಕರಾರಿರಲಿಲ್ಲ. ಇಂಥ ಸ್ಥಿತಿಯನ್ನು ಯಾವ ಸರ್ಕಾರ ತಾನೇ ಸಹಿಸೀತು? ಪ್ರಾಧಿಕಾರವು ಈ ಕೆಳಗಿನಂತೆ ಪ್ರಕಟಣೆ ಹೊರಡಿಸಿತು:

"ಆಕಾಶದಲ್ಲಿ ಬಣ್ಣಗಳ ನಡುವೆ ಉಂಟಾಗುತ್ತಿರುವ ಗೊಂದಲವನ್ನು ಸಾರ್ವಜನಿಕ ಹಿತದೃಷ್ಟಿಯಿಂದ ನಿವಾರಿಸುವ ಸಲುವಾಗಿ, ಇನ್ನು ಮುಂದೆ ಒಂದು ಸಂಘಕ್ಕೆ ಒಂದು ವರ್ಷಕ್ಕೆ ಒಂದೇ ಬಣ್ಣವನ್ನು ಮಂಜೂರು ಮಾಡಲಾಗುವುದು. ಒಂದು ಊರಿನಲ್ಲಿ ಒಂದು ಬಣ್ಣವನ್ನು ಒಂದು ಸಂಘಕ್ಕೆ ಮಾತ್ರ, ಮೊದಲು ಕೇಳಿದವರಿಗೆ ಮೊದಲು ಎಂಬಂತೆ, ನೀಡಲಾಗುವುದು. ಬೆಳ್ಳಗಿನ ಬೆಂಕಿಯನ್ನು ಬಣ್ಣವೆಂದು ಪರಿಗಣಿಸತಕ್ಕದ್ದಲ್ಲ."

ಒಲಿವಾ ಸಂಘದ ಸಭೆಯಲ್ಲಿ ಇದನ್ನು ಓದಿದಾಗ ಬಡಗಿ ನೇನು ಎದ್ದು ನಿಂತ. "ಇದರಲ್ಲಿ ಯೋಚನೆ ಮಾಡೋಕೆ ಏನಿದೆ? ನೀಲಿ ಕೇಳೋಣ, ನೀಲಿ ತರೋಣ."

ವಿಸ್ತೀನ್ ನಕ್ಕ. ಬಸ್ಸಿನಲ್ಲಿ ಚಿಲ್ಲರೆ ಇಲ್ಲ ಅನ್ನುವವರನ್ನು ನೋಡಿ ನಗುವ ನಗು ಅದು. "ಲೋ ನೇನು, ಹೋದ ವರ್ಷದ ನೀಲಿ ಪುಡಿ ಉಗ್ರಾಣದಲ್ಲಿ ಬೇಕಾದಷ್ಟು ಬಿದ್ದಿದೆ. ನಾವ್ಯಾಕೆ ನೀಲಿ ಕೇಳ್ಬೇಕು? ಕೆಂಪು ಕೇಳೋಣ. ನಮಗೆ ಸಿಕ್ಕಿದ್ರೆ ಅವರಿಗಿಲ್ಲ. ಈ ಸಲ ಪಾಂಕ್ರಾಸಪ್ಪ ಬರೀ ಬಿಳೀ ಬೆಂಕಿ ನೋಡ್ಕೊಂಡು ಕೂತಿರ್ಲಿ!"

ಸಭೆ ಚಪ್ಪಾಳೆ ತಟ್ಟಿತು. ಅಧ್ಯಕ್ಷರು ಎದ್ದು ಬಂದು ವಿಸ್ತೀನನ ಹಣೆಗೆ ಮುತ್ತಿಟ್ಟರು.

ಅದೇ ಹೊತ್ತಿಗೆ ರಸ್ತೆಯ ಆಚೆ ಬದಿಯ ಸಂಘದಲ್ಲಿ ಗ್ರೆಟ್ಸುವಿನ ಹಣೆಗೂ ಮುತ್ತು ಬೀಳುತ್ತಿತ್ತು. ಅವನೂ ಇದನ್ನೇ ಯೋಚಿಸಿ, ನೀಲಿಗೆ ಅರ್ಜಿ ಹಾಕಿಸಿದ್ದ.

ಪ್ರಾಧಿಕಾರ ಯಾರಿಗೂ ಅನ್ಯಾಯ ಮಾಡಲಿಲ್ಲ. ಕೇಳಿದವರಿಗೆ ಕೇಳಿದ್ದನ್ನೇ ಕೊಟ್ಟಿತು. ಒಲಿವಾ ಕಾರ್ಖಾನೆಗೆ ಕೆಂಪು ಡಬ್ಬಿಗಳೂ ಪಾಂಕ್ರಾಸ್ ಕಾರ್ಖಾನೆಗೆ ನೀಲಿ ಡಬ್ಬಿಗಳೂ ಪ್ರಾಧಿಕಾರದ ಏಕೈಕ ಅಧಿಕೃತ ಸಾಗಣೆದಾರರ ಲಾರಿಯಲ್ಲಿ ಬಂದಿಳಿದವು. ಸಾಗಣೆದಾರರು ಅಧಿಕಾರಿ ಝೆರಾಫಾ ಅವರ ಸ್ವಂತ ಷಡ್ಡಕ ಎಂಬುದು ಕೇವಲ ಕಾಕತಾಳೀಯ. ಲಾರಿ ಮೀನಿನದಾದ್ದರಿಂದ ಡಬ್ಬಿಗಳು ಸ್ವಲ್ಪ ನಾರುತ್ತಿದ್ದವು. ಅದೇ ಲಾರಿ ವಾಪಸ್ಸು ಹೋಗುವಾಗ, "ಹಳೆಯ ವರ್ಷದ ಬಣ್ಣವನ್ನು ಹೊಸ ವರ್ಷದಲ್ಲಿ ಉರಿಸುವುದು ಲೆಕ್ಕಪತ್ರ ವಿರೋಧಿ" ಎಂಬ ಎರಡನೇ ಪ್ರಕಟಣೆಯ ಪ್ರಕಾರ, ಎರಡೂ ಉಗ್ರಾಣಗಳ ಹಳೇ ದಾಸ್ತಾನನ್ನು ಗುಡಿಸಿ ತುಂಬಿಕೊಂಡು ಹೋಯಿತು.

ಖಾಲಿ ಉಗ್ರಾಣದ ಮೂಲೆಮೂಲೆಯನ್ನೂ ವಿಸ್ತೀನ್ ಕೈಯಿಂದ ತಡವಿ ನೋಡಿದ. ಹಬ್ಬ ಹತ್ತಿರ ಬಂದಿತ್ತು, ಹರಕೆ ತಲೆಯ ಮೇಲಿತ್ತು, ಕೈಯಲ್ಲಿ ಚಿಟಿಕೆ ನೀಲಿ ಇಲ್ಲ.

ಮನೆಯಲ್ಲಿ ಜೀಝಾ ಕಪ್ಪು ಕನ್ನಡಕ ಹಣೆಗೇರಿಸಿ ಅವನನ್ನೇ ನೋಡಿದಳು. "ನನ್ನ ಕಣ್ಣಿಗೆ ಅಂತ ಹರಕೆ ಹೊತ್ಕೊಂಡು, ಅರ್ಜೀಲಿ ಹೊಟ್ಟೆಕಿಚ್ಚು ಬರ್ಕೊಟ್ಟು ಬಂದ್ರಲ್ಲ ರೀ! ನಾಳೆ ಒಲಿವಾ ಕಣ್ಣು ವಾಪಸ್ ಕೇಳಿದ್ರೆ ಯಾರದ್ದು ಕೊಡ್ತೀರಿ? ನಿಮ್ಮದಾ?"

"ಹಂಗೆಲ್ಲ ಅನ್ಬೇಡ ಕಣೇ. ನಂಗೂ ಭಯ ಆಗ್ತಿದೆ."

"ನಮ್ಮಣ್ಣನ ಹತ್ರ ಡಬ್ಬಿ ಇದ್ಯಲ್ಲ, ಗೋಡೆ ಮೇಲಿಂದ ಬದಲಾಯಿಸ್ಕೊಳಿ. ಅವನಿಗೆ ಅವನ ಬಣ್ಣ, ನಿಮಗೆ ನಿಮ್ಮದು."

ವಿಸ್ತೀನ್ ನೊಂದುಕೊಂಡ. "ನಾವಾಗಿ ನಾವು ಅವರಿಗೆ ಕೆಂಪು ಕೊಡೋದಾ? ಜನ ಮುಖಕ್ಕೆ ಉಗೀತಾರೆ." ಅವನ ಮಾತಿನಲ್ಲಿ ಸತ್ಯವಿತ್ತು. ಊರಲ್ಲಿ ಕಳ್ಳನಾಗಿ ಬಾಳಬಹುದು, ಎದುರು ಪಕ್ಷಕ್ಕೆ ಬಣ್ಣ ಕೊಟ್ಟವನಾಗಿ ಬಾಳುವುದು ಅಸಾಧ್ಯ.

ಮಾರನೇ ದಿನ ರಜೆ ಹಾಕಿ ಪಟ್ಟಣದ ಪ್ರಾಧಿಕಾರಕ್ಕೆ ಹೋದ. ಬೇಸಿಗೆಯಾದ್ದರಿಂದ ಕಚೇರಿ ಅರ್ಧ ದಿನ. ಆ ಅರ್ಧದಲ್ಲಿ ಅರ್ಧ ಪಸ್ತೀತ್ಸಿ ತಿನ್ನುವುದಕ್ಕೆ. ಬಿಸಿ ಚೀಸು ತುಂಬಿದ ಆ ಗರಿಗರಿ ಕಡುಬನ್ನು ತಣ್ಣಗಾಗಲು ಬಿಡುವುದು ಸರ್ಕಾರಿ ನಿಯಮಕ್ಕೂ ಮನುಷ್ಯಧರ್ಮಕ್ಕೂ ವಿರುದ್ಧ. ಝೆರಾಫಾ ಸಾಹೇಬರು ಒಂದನ್ನು ಕೈಯಲ್ಲಿ ಹಿಡಿದೇ ಕರೆದರು. ಬೆಂಚಿನ ಮೇಲೆ ಆಗಲೇ ಗ್ರೆಟ್ಸು ಕೂತಿದ್ದ. ಇಬ್ಬರೂ ಒಬ್ಬರಿಗೊಬ್ಬರು ಕಾಣಲಿಲ್ಲ.

"ಸಾರ್, ಒಂದು ತಪ್ಪಾಗಿದೆ," ಎಂದ ವಿಸ್ತೀನ್.

"ಯಾರದು?"

"ನಮ್ಮದೇ ಸಾರ್."

"ಹಾಗಾದ್ರೆ ಸರಿಪಡಿಸೋಕೆ ಬರಲ್ಲ. ಪ್ರಾಧಿಕಾರ ತನ್ನ ತಪ್ಪನ್ನ ಮಾತ್ರ ಸರಿಪಡಿಸುತ್ತೆ. ಅಂಥದ್ದು ಇದುವರೆಗೂ ಒಂದೂ ಸಿಕ್ಕಿಲ್ಲ."

"ಡಬ್ಬಿ ಅದಲು ಬದಲು ಮಾಡ್ಕೊಂಡ್ರೆ?"

"ಡಬ್ಬಿ ಕಾರ್ಖಾನೆ ಬಿಟ್ಟು ಹೊರಗೆ ಬರೋ ಹಾಗಿಲ್ಲ. ಬಂದ್ರೆ ಆಕಾಶಕ್ಕೆ ಬರಬೇಕು. ಗೋಡೆ ದಾಟಿದ್ರೆ ಜೈಲು."

ಗ್ರೆಟ್ಸು ಗಂಟಲು ಸರಿಮಾಡಿಕೊಂಡ. "ಸಾರ್, ಅಲ್ಲಿ ನಿಂತಿರೋ ಮನುಷ್ಯನಿಗೆ ಹೇಳಿ, ನಮ್ಮ ಹುಡುಗರಿಗೆ ನೀಲಿ ಮಾಡೋಕೆ ಬರಲ್ಲ. ಮಾಡಿ ನೋಡಿದ್ವಿ, ಬೂದಿ ಬಣ್ಣ ಬಂತು."

"ಸಾರ್, ಕೂತಿರೋ ಮನುಷ್ಯನಿಗೆ ಹೇಳಿ, ಬೂದಿ ಬರದೆ ಇನ್ನೇನು ಬರುತ್ತೆ ಅಂತ."

"ಸಾರ್, ಅವನ ಕೆಂಪು ಹೇಗೆ ಬಂತು ಅಂತ ಕೇಳಿ."

ವಿಸ್ತೀನ್ ಗೋಡೆಯ ಕ್ಯಾಲೆಂಡರು ನೋಡಿದ. ಅವನ ಕೆಂಪು ಹುಳಿಹಿಡಿದ ಸಾರಿನ ಬಣ್ಣಕ್ಕೆ ಬಂದಿತ್ತು. ಕೊನೆಗೆ ತಡೆಯಲಾರದೆ ಅಧಿಕಾರಿಗಳನ್ನೇ ಕೇಳಿದ: "ಸಾರ್, ಡಬ್ಬಿ ಗೋಡೆ ದಾಟಬಾರದು, ಸರಿ. ಮನುಷ್ಯರು ದಾಟಿದ್ರೆ?"

"ಮನುಷ್ಯರನ್ನ ಸುಟ್ಟರೆ ಬಣ್ಣ ಬರುತ್ತಾ?"

"ಇಲ್ಲ ಅನ್ಸುತ್ತೆ ಸಾರ್."

"ಹಾಗಾದ್ರೆ ಅವರು ನಮ್ಮ ವ್ಯಾಪ್ತಿಗೆ ಬರಲ್ಲ. ಕಾರ್ಖಾನೆ ಯಾರ ವಶದಲ್ಲಿದೆ ಅನ್ನೋದನ್ನ ಯಾವಾಗ ಬೇಕಾದ್ರೂ ಬದಲಾಯಿಸಬಹುದು, ಶುಲ್ಕ ಕಟ್ಟಿ."

ಇಬ್ಬರು ಭಾವಂದಿರೂ ಮೊದಲ ಸಲ ಪರಸ್ಪರ ನೋಡಿದರು. ಡಬ್ಬಿ ಕೊಡುವುದು ದ್ರೋಹ, ಒಪ್ಪಿಕೊಳ್ಳೋಣ. ಆದರೆ ಶತ್ರುವಿನ ಕಾರ್ಖಾನೆಯನ್ನೇ ವಶಪಡಿಸಿಕೊಳ್ಳುವುದು? ಅದಕ್ಕೆ ಜಯ ಎನ್ನುತ್ತಾರೆ.

ಅಂದು ಸಂಜೆ ಒಲಿವಾ ಸಂಘದ ಅಧ್ಯಕ್ಷರು, ಕೆಂಪಿನವರ ಕಾರ್ಖಾನೆಯನ್ನು ಗೆದ್ದುಕೊಂಡಿರುವುದಾಗಿ ಧ್ವನಿವರ್ಧಕದಲ್ಲಿ ಘೋಷಿಸಿದರು. ಪಾಂಕ್ರಾಸ್ ಸಂಘದ ಅಧ್ಯಕ್ಷರೂ, ನೀಲಿಯವರನ್ನು ಅವರ ಕಾರ್ಖಾನೆಯಿಂದ ಒದ್ದೋಡಿಸಿರುವುದಾಗಿ ಅಷ್ಟೇ ಜೋರಾಗಿ ಘೋಷಿಸಿದರು. ಎರಡೂ ಸಂಘಗಳ ವಾದ್ಯದವರು ವಿಜಯದ ಮೆರವಣಿಗೆ ತೆಗೆದರು. ಹಾಲ್ ದ್ವೀಲ್‌ನಲ್ಲಿ ಅಂಥ ಸಂತೋಷದ ಸಂಜೆ ಹಿಂದೆ ಇರಲಿಲ್ಲ, ಯಾಕೆಂದರೆ ಸೋತವರೇ ಇರಲಿಲ್ಲ.

ಭಾನುವಾರ ಪೂಜೆ ಮುಗಿದ ಮೇಲೆ ಸ್ಥಳಾಂತರ. ಬೆಂಚು, ಟೀ ಕೆಟಲು, ಕೊಳಗ, ನಾಯಿ ಎಲ್ಲವೂ ಗೋಡೆ ಹತ್ತಿ ಇಳಿದವು. ಡಬ್ಬಿಗಳು ಮಾತ್ರ ಕದಲದೆ, ಕಾನೂನಿಗೆ ತಲೆಬಾಗಿ, ಇದ್ದಲ್ಲೇ ಇದ್ದವು. ಎರಡೂ ಗೂಡುಗಳಿಂದ ಸಂತರನ್ನು ಇಳಿಸಿ ಗೋಡೆಯ ಬಳಿ ತಂದಾಗ, ಯಾವ ಸಂತರು ಮೊದಲು ದಾಟಬೇಕು ಎಂಬ ಪ್ರಶ್ನೆ ಎದ್ದಿತು. ಮೊದಲು ದಾಟಿದವರು ಮೊದಲು ಮನೆ ಬಿಟ್ಟಂತೆ. ಆಮೇಲೆ ದಾಟಿದವರು ದಾರಿ ಬಿಟ್ಟುಕೊಟ್ಟಂತೆ. ಉರಿ ಬಿಸಿಲಿನಲ್ಲಿ ಒಲಿವಾ ಈಚೆ, ಪಾಂಕ್ರಾಸ್ ಆಚೆ, ಹೊತ್ತವರ ತೋಳು ನಡುಗುತ್ತಿದ್ದರೂ ಯಾರೊಬ್ಬರೂ ಕದಲಲೊಲ್ಲರು.

ವಿಸ್ತೀನನಿಗೆ ಅಳುವೇ ಬಂತು. "ಭಾವ," ಎಂದ. ಮದುವೆಯಾದ ಮೇಲೆ ಆಡಿದ ಮೊದಲ ಮಾತು. "ನಿನ್ನ ತಂಗಿ ಕಣ್ಣಿನ ಹರಕೆ ಕಣೋ. ಹೊತ್ತು ಮೀರಿದ್ರೆ ಕಲಸಿದ ನೀಲಿ ಹಬ್ಬದೊಳಗೆ ಒಣಗಲ್ಲ."

ಗ್ರೆಟ್ಸು ಕರಗಿಹೋದ. "ಗೊತ್ತು ಭಾವ. ಆದ್ರೆ ಮೊದಲು ನೀನು ದಾಟು."

ಕುಟುಂಬ ಸಮೇತ ಮೇಲ್ವಿಚಾರಣೆಗೆ ಬಂದು ಕ್ಯಾರಬ್ ಮರದ ನೆರಳಲ್ಲಿ ಊಟ ಮಾಡುತ್ತಿದ್ದ ಝೆರಾಫಾ ಸಾಹೇಬರು ಕೊನೆಗೆ ಸೀಟಿ ಊದಿದರು. ಸಂತರಿಬ್ಬರೂ ಏಕಕಾಲಕ್ಕೆ ದಾಟಿದರು. ಏಕಕಾಲ ಶುಲ್ಕವನ್ನು ಸ್ಥಳದಲ್ಲೇ ವಸೂಲು ಮಾಡಲಾಯಿತು.

ಹಬ್ಬದ ರಾತ್ರಿ ವಿಸ್ತೀನ್ ಬೆಂಕಿ ಹಚ್ಚುವ ಕೆಲಸವನ್ನು ನೇನುವಿಗೆ ಬಿಟ್ಟು, ಹೊಲದ ದಾರಿಯಲ್ಲಿ ಜೀಝಾಳ ಪಕ್ಕ ಬಂದು ನಿಂತ. ಒಂದು ಬಾಣ ಶಿಳ್ಳೆ ಹಾಕುತ್ತ ಏರಿತು, ಎಲ್ಲೋ ಕಳೆದುಹೋದಂತೆ ಸುಮ್ಮನಾಯಿತು, ಆಮೇಲೆ ಊರಿನ ಮೇಲೆಲ್ಲ ಬಿಚ್ಚಿಕೊಂಡಿತು. ನೀಲಿ. ಬೂದಿಯಿಲ್ಲ, ನೇರಳೆಯಿಲ್ಲ, ಅಪ್ಪಟ ನೀಲಿ. ಇಗರ್ಜಿಯ ಗುಮ್ಮಟ ನೀಲಿಯಾಯಿತು, ಕೆಂಪಿನವರ ಬಾಗಿಲುಗಳೂ ನೀಲಿಯಾದವು.

ಜೀಝಾ ಕನ್ನಡಕ ತೆಗೆದು ಅವನ ತೋಳು ಗಟ್ಟಿಯಾಗಿ ಹಿಡಿದಳು. "ಕಾಣಿಸ್ತಿದೆ ರೀ. ಚೂರುಚೂರೂ ಕಾಣಿಸ್ತಿದೆ."

ವಿಸ್ತೀನ್ ಮಗುವಿನ ಹಾಗೆ ಅತ್ತುಬಿಟ್ಟ. ಅಷ್ಟು ಜನರ ಎದುರಿಗೆ, ನಾಚಿಕೆಯಿಲ್ಲದೆ.

ಹದಿನೈದು ದಿನ ಬಿಟ್ಟು ಪಾಂಕ್ರಾಸನ ಹಬ್ಬದಲ್ಲಿ ಗ್ರೆಟ್ಸುವಿನ ಕೆಂಪೂ ಅಷ್ಟೇ ಚೆನ್ನಾಗಿ ಬಂತು. ವಿಸ್ತೀನ್ ಮನೆಯ ಕಿಟಕಿ ಮುಚ್ಚಿಕೊಂಡು ಸಂದಿಯಿಂದ ನೋಡಿದ. ಪ್ರಾಧಿಕಾರವು ಎರಡೂ ಸಂಘಗಳ ಶಿಸ್ತನ್ನು ಮೆಚ್ಚಿ, ಇಡೀ ದ್ವೀಪಕ್ಕೆ ಅನ್ವಯವಾಗುವಂತೆ "ವಾರ್ಷಿಕ ಕಾರ್ಖಾನೆ ವಿನಿಮಯ ಸಪ್ತಾಹ"ವನ್ನು ಜಾರಿಗೆ ತಂದು, ಸೀಟಿ ಊದುವ ಹುದ್ದೆಯೊಂದನ್ನು ಸೃಷ್ಟಿಸಿತು. ಹುದ್ದೆಗೆ ಅರ್ಹರಾದ ಏಕೈಕ ಅಭ್ಯರ್ಥಿ ಸಾಹೇಬರ ಮಗ.

ಮಾರನೇ ವರ್ಷದ ಅರ್ಜಿಗೆ ಕರೆ ಬಂದ ದಿನ, ಮೆಟ್ಟಿಲ ಮೇಲೆ ಕೂತು ಅವರೆಕಾಳು ಬಿಡಿಸುತ್ತಿದ್ದ ಜೀಝಾ ಕೇಳಿದಳು: "ಈ ಸಲ ನೆಟ್ಟಗೆ ನೀಲಿನೇ ಕೇಳ್ತೀರಲ್ಲ?"

ವಿಸ್ತೀನ್ ಅವಳನ್ನು ಕನಿಕರದಿಂದ ನೋಡಿದ. "ನಿಂಗೇನಾದ್ರೂ ಬುದ್ಧಿ ಇದ್ಯಾ? ನಾವು ಕೆಂಪು ಕೇಳದೆ ಹೋದ್ರೆ ಅದು ಅವರಿಗೆ ಸಿಕ್ಬಿಡಲ್ವೇನೇ?"

ಜೀಝಾ ಕೈಯಲ್ಲಿದ್ದ ಕಾಳನ್ನು ಹಾಗೇ ಹಿಡಿದು ಸ್ವಲ್ಪ ಯೋಚಿಸಿದಳು. ಹುಟ್ಟಿದ್ದು ಕೆಂಪು, ಸೇರಿದ್ದು ನೀಲಿ. ಎರಡೂ ಕಡೆಯಿಂದ ನೋಡಿದರೂ ಗಂಡ ಹೇಳುವುದು ಸರಿಯಾಗಿಯೇ ಇತ್ತು.

"ಅದೂ ಹೌದನ್ನಿ," ಎಂದಳು. "ಹಾಗಿದ್ರೆ ಒಲಿವಾಮ್ಮನ್ನ ಗೂಡಲ್ಲಿ ಸಿಮೆಂಟು ಹಾಕಿ ಕೂರಿಸ್ಬೇಡಿ. ಪ್ರತಿ ವರ್ಷ ಕೀಳೋದು ಕಷ್ಟ."