ಎಡಗಾಲಿಗೆ ಕೆಲಸವಿಲ್ಲದ ಕಾರು

ಧೈರ್ಯವಂತರ ಮನೆಗೆ ಹೊಸ ಕಾರು ಬಂದರೆ ಸುಮ್ಮನೆ ಬಂದು ಬಾಗಿಲಲ್ಲಿ ನಿಲ್ಲುತ್ತದೆ. ನನ್ನಂಥ ಪುಕ್ಕಲರ ಮನೆಗೆ ಬಂದರೆ ದಿನಕ್ಕೊಂದು ಪ್ರಸಂಗ ಹೇರಿಕೊಂಡೇ ಬರುತ್ತದೆ.

ನಾನು ದನದ ಡಾಕ್ಟರು. ಮನೆ ಮಂಡ್ಯದಲ್ಲಿ, ಕೆಲಸ ಮಳವಳ್ಳಿ ತಾಲ್ಲೂಕಿನ ಹಳ್ಳಿಗಳಲ್ಲಿ. ಕರು ಅಡ್ಡ ಸಿಕ್ಕಿಕೊಂಡರೆ ಹಸುವಿನ ಹೊಟ್ಟೆಯೊಳಕ್ಕೆ ಭುಜದವರೆಗೆ ಕೈ ಹಾಕಿ ತಿರುಗಿಸುತ್ತೇನೆ, ಗುಮ್ಮುವ ಹೋರಿಯ ಮೂಗುದಾರ ಹಿಡಿಯುತ್ತೇನೆ. ಅದಕ್ಕೆಲ್ಲ ಭಯವಿಲ್ಲ. ನನಗೆ ಭಯ ಯಂತ್ರಗಳನ್ನು ಕಂಡರೆ. ಮನೆಯಲ್ಲಿ ಮಿಕ್ಸಿ ಹಾಕಿದರೂ ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲುವ ಆಸಾಮಿ ನಾನು. ಇಡೀ ಜನ್ಮದಲ್ಲಿ ನಾನು ನಂಬಿದ ಯಂತ್ರವೆಂದರೆ ನನ್ನ ಹಳೇ ಸಣ್ಣ ಕಾರು ಒಂದೇ.

ಹದಿನೆಂಟು ವರ್ಷ ಅದು ನನ್ನನ್ನು ಹೊತ್ತಿದೆ. ದಾಖಲೆಯಲ್ಲಿ ಬಿಳಿ ಬಣ್ಣ ಅಂತಿತ್ತು. ನಾಲೆ ಏರಿಯ ಧೂಳು ಕುಡಿದು ಕುಡಿದು ರಾಗಿಹಿಟ್ಟಿನ ಬಣ್ಣಕ್ಕೆ ತಿರುಗಿತ್ತು. ಡ್ರೈವರ್ ಬಾಗಿಲನ್ನು ಹೊರಗಿನಿಂದ ಯಾರಾದರೂ ತೆಗೆಯಬೇಕು. ಫ್ಯಾನ್ ಬೆಲ್ಟು ಕೀರಲು ದನಿಯಲ್ಲಿ ಅರಚುತ್ತಿತ್ತು, ಸೈಲೆನ್ಸರು ಕೆಮ್ಮುತ್ತಿತ್ತು. ಬೆಳಿಗ್ಗೆ ಸ್ಟೇರಿಂಗ್ ಮೇಲೆ ಎರಡು ಸಲ ತಟ್ಟಿ "ಏಳವ್ವ" ಅಂದರೆ ಸಾಕು, ಹೊರಡುತ್ತಿತ್ತು.

ಬ್ರೇಕಿನ ಯೋಚನೆ

ಹೆಂಡತಿಯ ತವರು ಆತಗೂರು. ಒಂದು ಭಾನುವಾರ ಮದ್ದೂರು ದಾಟಿ ಅಲ್ಲಿಗೆ ಹೊರಟಿದ್ದೆವು. ಮುಂದೆ ಕಬ್ಬು ತುಂಬಿದ ಟ್ರ್ಯಾಕ್ಟರು ಇದ್ದಕ್ಕಿದ್ದಂತೆ ನಿಂತಿತು. ನಾನು ಬ್ರೇಕು ಒತ್ತಿದೆ. ಕಾರು ನಿಲ್ಲಲಿಲ್ಲ. ಎರಡನೇ ಸಲ ಒತ್ತಿದೆ. ಆಗಲೂ ನಿಲ್ಲಲಿಲ್ಲ. ಮೂರನೇ ಸಲ ಸ್ಟೇರಿಂಗನ್ನು ಬಲಕ್ಕೆ ಎಳೆದು, ದೇವರನ್ನು ನೆನೆದು ನಿಂತುಕೊಂಡೇ ತುಳಿದೆ. ನಿಂತಿತು. ಕಣ್ಣು ಬಿಟ್ಟು ನೋಡಿದರೆ ಹೆಂಡತಿಯ ಕಿಟಕಿಯೊಳಗೆ ನಾಲ್ಕು ಕಬ್ಬಿನ ಜಲ್ಲೆ ಬಂದು ಅವಳ ಮೂಗಿನ ಮುಂದೆ ತೂಗಾಡುತ್ತಿದ್ದವು.

ಅವಳು ಕೂಗಾಡಲಿಲ್ಲ. ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು. ಜಲ್ಲೆಗಳನ್ನು ಒಂದೊಂದಾಗಿ ಹೊರಗೆ ತಳ್ಳಿ, "ಈ ತಿಂಗಳೊಳಗೆ ಹೊಸ ಕಾರು ಬರ್ಬೇಕು. ಇಲ್ಲಾಂದ್ರೆ ನಾನು ತವರಿಂದ ವಾಪಸ್ ಬರಲ್ಲ" ಅಂದಳು.

"ಸ್ವಲ್ಪ ಯೋಚನೆ ಮಾಡೋಣ ಕಣೇ."

"ಯೋಚನೇನ ನಿಮ್ಮ ಬ್ರೇಕು ಮಾಡಿದ್ದೇ ಸಾಕು."

ನನ್ನ ಸಂಕಟ ಅವಳಿಗೆ ಗೊತ್ತಿರಲಿಲ್ಲ. ನನಗೆ ಓಡಿಸಲು ಬರುತ್ತಿದ್ದುದು ಆ ಒಂದು ಕಾರು ಮಾತ್ರ. ಮಂಡಿ ನೋವಿನಿಂದ ಬೈಕು ಬಿಟ್ಟು ಎಷ್ಟೋ ವರ್ಷವಾಗಿತ್ತು. ಬಸ್ಸಿಗೆ ಕಾಯೋಣವೆಂದರೆ ಹಸು ಕರು ಹಾಕುವುದು ಬಸ್ಸಿನ ಟೈಮು ನೋಡಿಕೊಂಡಲ್ಲ. ಹೊಸ ಕಾರು ಕೈಗೆ ಒಗ್ಗದಿದ್ದರೆ ಹಳ್ಳಿ ತಿರುಗುವುದು ನಿಂತಂತೆ. ಹಳ್ಳಿ ತಿರುಗದ ಮೇಲೆ ನಾನೆಂಥ ದನದ ಡಾಕ್ಟರು? ಆಸ್ಪತ್ರೆಯ ಕುರ್ಚಿಯಲ್ಲಿ ಕೂತು ರಿಜಿಸ್ಟರು ಬರೆಯುವ ಗುಮಾಸ್ತ ಅಷ್ಟೆ. ಅವತ್ತಿನಿಂದ ನನಗೆ ಊಟ ಸೇರಲಿಲ್ಲ.

ಟೆಸ್ಟ್ ಡ್ರೈವ್

ಮಂಡ್ಯದ ಶೋರೂಮಿನಲ್ಲಿ ಒಬ್ಬ ಹೆಣ್ಣುಮಗಳು ಬಹಳ ಮರ್ಯಾದೆಯಿಂದ ವಿವರಿಸಿದಳು. "ಮಂಡಿ ನೋವು ಅಂತೀರಲ್ಲ ಸರ್, ಇದು ನಿಮಗೇ ಹೇಳಿ ಮಾಡ್ಸಿದ್ದು. ಕ್ಲಚ್ಚೇ ಇಲ್ಲ, ಗೇರು ತಾನೇ ಬದಲಾಗುತ್ತೆ. ಕೀ ಜೇಬಲ್ಲಿದ್ರೆ ಸಾಕು, ಬ್ರೇಕು ಒತ್ಕೊಂಡು ಈ ಬಟನ್ ಒತ್ತಿ."

ನಾನು ಬಟನ್ನಿನ ಹತ್ತಿರ ಬೆರಳು ಒಯ್ದು ಮೂರು ಸಲ ವಾಪಸ್ ತೆಗೆದುಕೊಂಡೆ. ನಾಲ್ಕನೇ ಸಲ ಹೆಂಡತಿ ಹಿಂದಿನ ಸೀಟಿನಿಂದ ಕೈ ಚಾಚಿ ನನ್ನ ಬೆರಳಿನ ಮೇಲೆ ಬೆರಳಿಟ್ಟು ಒತ್ತಿದಳು. ಗಾಡಿ ಸ್ಟಾರ್ಟ್ ಆಯಿತಂತೆ. ನನಗೇನೂ ಕೇಳಿಸಲಿಲ್ಲ. ಸದ್ದೇ ಮಾಡದ ಎಂಜಿನ್ನು ಹೆಚ್ಚು ಅಪಾಯಕಾರಿ ಅಂತ ನನ್ನ ನಂಬಿಕೆ. ಗುರುಗುಡುವ ನಾಯಿಗಿಂತ ಸುಮ್ಮನೆ ಹಿಂದೆ ಬರುವ ನಾಯಿಗೇ ನಾನು ಹೆದರುವುದು.

ರಸ್ತೆಗೆ ಬಂದದ್ದೇ ತಡ, ಎಡಗಾಲು ಅಭ್ಯಾಸಬಲದಿಂದ ಕ್ಲಚ್ಚು ಹುಡುಕಿತು. ಸಿಕ್ಕಿದ್ದು ಬ್ರೇಕು. ಬಲವಾಗಿ ತುಳಿಯಿತು. ಹೆಣ್ಣುಮಗಳ ಕೈಲಿದ್ದ ಕಾಗದಗಳೆಲ್ಲ ಮುಂದಿನ ಗಾಜಿಗೆ ಹೋಗಿ ಅಂಟಿಕೊಂಡವು. "ಪರ್ವಾಗಿಲ್ಲ ಸರ್, ಮೊದಲ್ನೇ ಸಲ ಎಲ್ರೂ ಹಾಗೇ" ಅಂದಳು. ನೂರು ಅಡಿ ಹೋದ ಮೇಲೆ ಮತ್ತೆ ಹಾಗೇ ಆಯಿತು. ಸರ್ಕಲ್ ಹತ್ತಿರ ಮೂರನೇ ಸಲ. ಹಿಂದಿನವರೆಲ್ಲ ಹಾರನ್ ಹೊಡೆದರು, ಒಬ್ಬ ಆಟೋದವನು ನಮ್ಮಪ್ಪನನ್ನೂ ನೆನೆಸಿಕೊಂಡ.

ವಾಪಸ್ ಬಂದು ನಿಲ್ಲಿಸಿದಾಗ ಆ ಹೆಣ್ಣುಮಗಳು ಕೂದಲು ಸರಿ ಮಾಡಿಕೊಳ್ಳುತ್ತಾ, ಅದೇ ಮರ್ಯಾದೆಯಲ್ಲಿ ಹೇಳಿದಳು: "ಸರ್, ಡೆಲಿವರಿ ದಿನ ಬರುವಾಗ ಎಡಗಾಲನ್ನ ಮನೇಲೇ ಬಿಟ್ಟು ಬನ್ನಿ."

ನಾಲ್ಕು ನಿಂಬೆಹಣ್ಣು

ಕಾರು ಬಂತು. ಪೂಜೆ ಆಗಲೇಬೇಕಲ್ಲ. ನಮ್ಮ ಬಡಾವಣೆಯ ದೇವಸ್ಥಾನದ ಮುಂದೆ ನಿಲ್ಲಿಸಿ ನಾಲ್ಕು ಚಕ್ರದ ಕೆಳಗೂ ನಿಂಬೆಹಣ್ಣಿಟ್ಟರು. ಅರ್ಚಕರು ಕಾರಿಗೆ ಅರಿಶಿನ ಕುಂಕುಮ ಹಚ್ಚಿ, "ಡಾಕ್ಟ್ರೇ, ಸ್ಟಾರ್ಟ್ ಮಾಡಿ ರೆಡಿಯಾಗಿರಿ. ಮಂಗಳಾರತಿ ಆದ ಮೇಲೆ ನಾನು ಹೇಳ್ದಾಗ ನಿಂಬೆಹಣ್ಣಿನ ಮೇಲೆ ಹತ್ತಿಸಿ" ಅಂದರು.

ನಾನು ಸ್ಟಾರ್ಟ್ ಮಾಡಿ, ಗೇರಿಗೆ ಹಾಕಿ, ಬ್ರೇಕು ಒತ್ತಿಕೊಂಡು ರೆಡಿಯಾದೆ. ಅವರು ಕಾರಿನ ಮುಂದೆ ನಿಂತು ಆರತಿ ಬೆಳಗಿದರು. ತಟ್ಟೆಗೆ ದಕ್ಷಿಣೆ ಹಾಕಬೇಕಲ್ಲ ಅಂತ ಪ್ಯಾಂಟಿನ ಜೇಬಿಗೆ ಕೈ ಹಾಕಲು ಸ್ವಲ್ಪ ಮೇಲೆದ್ದೆ. ಬ್ರೇಕಿನ ಮೇಲಿದ್ದ ಕಾಲೂ ಎದ್ದಿತು. ಈ ಜಾತಿಯ ಕಾರು ಬ್ರೇಕು ಬಿಟ್ಟರೆ ಸಾಕು, ಯಾರನ್ನೂ ಕೇಳದೆ ತಾನೇ ಮೆಲ್ಲಗೆ ನಡೆಯುತ್ತದೆ ಅಂತ ಹೇಳಿದ್ದರು. ಅದು ಆ ಕ್ಷಣದಲ್ಲಿ ನನ್ನ ತಲೆಯಲ್ಲಿರಲಿಲ್ಲ.

ನಿಂಬೆಹಣ್ಣು ಪಚಕ್ಕೆಂದವು. ಅರ್ಚಕರು ಒಂದು ಹೆಜ್ಜೆ ಹಿಂದೆ ಇಟ್ಟರು. ಕಾರು ಮುಂದೆ ಬಂತು. ಅವರು ಇನ್ನೆರಡು ಹೆಜ್ಜೆ ಇಟ್ಟರು. ಕೈಯಲ್ಲಿ ಉರಿಯುವ ಕರ್ಪೂರ, ಬಿಸಾಡುವಂತಿಲ್ಲ. ಬಾಯಲ್ಲಿ ಮಂತ್ರ, ನಿಲ್ಲಿಸುವಂತಿಲ್ಲ. ಕಾರು ಬಂದಂತೆಲ್ಲ ಮಂತ್ರದ ವೇಗ ಹೆಚ್ಚಾಯಿತು. ನಾನು ಗಾಬರಿಯಲ್ಲಿ ಇಲ್ಲದ ಕ್ಲಚ್ಚನ್ನು ಹುಡುಕಿ ಹುಡುಕಿ ಬರೀ ನೆಲವನ್ನೇ ತುಳಿಯುತ್ತಿದ್ದೆ. "ರೀ, ಬ್ರೇಕು! ಬ್ರೇಕು!" ಅಂತ ಹೆಂಡತಿ ಪಕ್ಕದಲ್ಲೇ ಓಡಿದಳು. ಅರ್ಚಕರ ಬೆನ್ನು ಅರಳಿಕಟ್ಟೆಗೆ ತಾಗುವ ಹೊತ್ತಿಗೆ ಹೇಗೋ ಬ್ರೇಕು ಸಿಕ್ಕಿತು. ನಾನು ಸ್ಟೇರಿಂಗ್ ಬಿಟ್ಟು ಕೆಳಗಿಳಿಯಲೇ ಇಲ್ಲ. ಅವರೇ ಬಂದು ಕಿಟಕಿಯಿಂದ ನನಗೆ ತೀರ್ಥ ಕೊಟ್ಟರು.

ಅವತ್ತಿನಿಂದ ಆ ದೇವಸ್ಥಾನದಲ್ಲಿ ಹೊಸ ಪದ್ಧತಿ ಬಂದಿದೆ. ಯಾರ ಗಾಡಿಯ ಪೂಜೆಯಾದರೂ ಅರ್ಚಕರು ಮೊದಲು ಎಂಜಿನ್ ಆಫ್ ಮಾಡಿಸಿ, ಕೀ ಇಸಕೊಂಡು ತಮ್ಮ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೆ. ಇದು ಶಾಸ್ತ್ರದಲ್ಲೇ ಇದೆ ಅಂತ ಜನ ತಿಳಿದಿದ್ದಾರೆ.

ಬೀಳ್ಕೊಡುಗೆ

ಹಳೇ ಕಾರನ್ನು ಕಿರುಗಾವಲಿನ ಹತ್ತಿರದ ಒಂದು ಊರಿನ ಹಾಲಿನ ಡೈರಿ ಸೆಕ್ರೆಟರಿ ಕೇಳಿದ. ನನ್ನ ವಾರದ ತಿರುಗಾಟದಲ್ಲಿ ಬರುವ ಊರೇ ಅದು. ಬ್ರೇಕು ಹೊಸದು ಹಾಕಿಸಿದೆ. ಹಾಕಿಸಿದ ಮೇಲೆ "ಇನ್ನು ಇದೇ ಇರಲಿ ಬಿಡೇ" ಅಂತ ಹೆಂಡತಿಗೆ ಹೇಳಿ ನೋಡಿದೆ. ಅವಳು ನೋಡಿದ ನೋಟಕ್ಕೆ ತೆಪ್ಪಗಾದೆ.

ಅವನಿಗೆ ಎಲ್ಲ ತಿಳಿಸಿ ಕೊಟ್ಟೆ. ಬೆಳಿಗ್ಗೆ ಸ್ಟೇರಿಂಗ್ ಮೇಲೆ ಎರಡು ತಟ್ಟು. ದಿಬ್ಬದಲ್ಲಿ ಬಯ್ಯಬಾರದು. ಸೆಕೆಂಡ್ ಗೇರಿಗೆ ಹಾಕುವಾಗ ಸ್ವಲ್ಪ ಮಾತಾಡಿಸು. ಹೇಳುತ್ತಾ ಹೇಳುತ್ತಾ ಬಾನೆಟ್ಟು ಸವರಿದೆ, ಕಣ್ಣೀರೇ ಬಂತು.

"ಏನ್ ಸಾ, ಎಣ್ಣು ಕೊಟ್ಟು ಕಳ್ಸೋರಂಗೆ ಅಳ್ತಾ ಇದ್ದೀರಲ್ಲ!" ಅಂದ ಸೆಕ್ರೆಟರಿ. "ನಾನೇನ್ ದೂರ ಓಯ್ತೀನಾ? ವಾರವಾರ ಬತ್ತೀರಲ್ಲ, ನೋಡ್ಕೊಂಡೋಗಿ ಬುಡಿ."

ಕಾರು ಕೆಮ್ಮುತ್ತಾ ಬೀದಿ ತಿರುವಿನಲ್ಲಿ ಮರೆಯಾಯಿತು. ನಾನು ಕಣ್ಣೊರೆಸಿಕೊಂಡೆ. ಹೆಂಡತಿ ಬಾಗಿಲಲ್ಲಿ ನಿಂತು, "ನಮ್ಮ ಮದುವೇಲಿ ನಮ್ಮಪ್ಪನೂ ಇಷ್ಟು ಅತ್ತಿರ್ಲಿಲ್ಲ" ಅಂದಳು.

ಓಡಿದವರು

ಹಳೇ ಕಾರಿನ ಒಂದು ಗುಣ ಹೇಳಲೇಬೇಕು. ಅದರ ದನಿ ಊರ ದನಗಳಿಗೆಲ್ಲ ಗೊತ್ತಿತ್ತು. ಆ ಸದ್ದು ಬಂತೆಂದರೆ ಹಿಂದೆಯೇ ಸೂಜಿ ಬರುತ್ತದೆ ಅಂತ ಅವು ಕಲಿತಿದ್ದವು. ನಾನು ಊರ ಬಾಗಿಲಿಗೆ ಬರುವಷ್ಟರಲ್ಲಿ ಬಾಲ ಎತ್ತಿಕೊಂಡು ಗದ್ದೆಗೆ ಓಡುತ್ತಿದ್ದವು. ಜನ ಆ ಸದ್ದು ಕೇಳಿಯೇ "ಡಾಕ್ಟ್ರು ಬಂದ್ರು, ದನ ಇಡ್ಕೊಳ್ರೋ" ಅಂತ ಕೂಗುತ್ತಿದ್ದರು.

ಹೊಸ ಕಾರಿನಲ್ಲಿ ಸೆಕ್ರೆಟರಿಯ ಊರಿಗೆ ಮೊದಲ ಸಲ ಹೋದಾಗ ಉಸಿರು ಬಿಗಿಹಿಡಿದು, ಎಡಗಾಲನ್ನು ಸೀಟಿನ ಕೆಳಗೆ ಮಡಚಿಕೊಂಡು, ನಡಿಗೆಯ ವೇಗದಲ್ಲಿ ಹೋದೆ. ಸದ್ದಿಲ್ಲ. ದನಗಳು ಮೆಲುಕು ಹಾಕುತ್ತಾ ನಿಂತೇ ಇದ್ದವು. ಒಂದು ಕೆಂದ ಹಸುವಂತೂ ನಾನು ಇಳಿದ ಕೂಡಲೇ ಬಂದು ಮೊಣಕೈ ನೆಕ್ಕಿತು. ಹದಿನೆಂಟು ವರ್ಷದಲ್ಲಿ ಯಾವ ಹಸುವೂ ನನಗೆ ಹೀಗೆ ಮಾಡಿರಲಿಲ್ಲ. ನನಗೆ ಖುಷಿಯಾಗಲಿಲ್ಲ. ನನ್ನನ್ನು ಇನ್ನು ಯಾರೂ ಗುರುತು ಹಿಡಿಯುವುದಿಲ್ಲ ಅನ್ನಿಸಿತು.

ಅಷ್ಟರಲ್ಲಿ ಊರೊಳಗೆ ಏನೋ ಗದ್ದಲ. ಒಬ್ಬ ಬಿದಿರು ಕೋಲು ಹಿಡಿದು ಓಡಿದ, ಇನ್ನೊಬ್ಬ ಮನೆ ಮೇಲೆ ಹತ್ತಿದ, ಹೆಂಗಸರು ಬಾಗಿಲು ಹಾಕಿಕೊಂಡರು. ಕಂಬದಿಂದ ಕದ್ದ ಕರೆಂಟಿನ ಕೊಕ್ಕೆಗಳು ಪಟಪಟನೆ ಕೆಳಗೆ ಬಿದ್ದವು. ಸದ್ದಿಲ್ಲದೆ ಬಂದ ಹೊಸ ಕಾರು ನೋಡಿ ಕರೆಂಟು ಚೆಕ್ ಮಾಡುವವರು ಅಂದುಕೊಂಡಿದ್ದರು.

ಅವತ್ತು ಊರಲ್ಲಿ ದನ ನಿಂತಿದ್ದವು, ಜನ ಓಡಿದರು.

ಕಟ್ಟಿಹಾಕುವುದು

ಅದೇ ಊರಿನಲ್ಲಿ ಎಮ್ಮೆ ಸಾಕಿದ ಒಬ್ಬ ಅಜ್ಜಿ ಇದ್ದಾರೆ. ಕಿರುಗಾವಲಿನವರೆಗೆ ಬಿಡಿ ಅಂತ ಮುಂದಿನ ಸೀಟಿನಲ್ಲಿ ಕೂತರು. ಕಾರು ಹೊರಟಿತು, ಕುಂಯ್ ಕುಂಯ್ ಅಂತ ಶುರುವಾಯಿತು. ಕೂಗಿದಾಗಲೆಲ್ಲ ನಾನು ಬೆಚ್ಚಿಬಿದ್ದೆ.

"ಯಾಕಪ್ಪ ಡಾಕ್ಟ್ರಪ್ಪ, ಇದು ಅಳ್ತದೆ?"

"ಬೆಲ್ಟು ಹಾಕ್ಕೊಳ್ಳಿ ಅಜ್ಜಿ, ಅದಕ್ಕೇ ಕೂಗೋದು" ಅಂತ ಪಟ್ಟಿ ಎಳೆದು ಕೊಟ್ಟೆ.

ಅಜ್ಜಿ ಕೈ ಕೊಡವಿಕೊಂಡರು. "ಕಟ್ಟಾಕ್ತೀಯಾ? ನಾನೇನ್ ಯಾರ್ ಒಲ ಮೇಯ್ದಿವ್ನಿ?"

ಬೆಲ್ಟು ಕೊನೆಗೂ ಹಾಕಿಕೊಳ್ಳಲಿಲ್ಲ. ಕಾರು ನಿಲ್ಲಿಸಲು ಹೇಳಿ, ಇಳಿದು ನಡೆದೇ ಹೋದರು. ಆಮೇಲೆ ನಾನು ಔಷಧಿ ಚೀಲವನ್ನು ಅದೇ ಸೀಟಿನಲ್ಲಿಡಲು ಶುರುಮಾಡಿದೆ. ಚೀಲದ ಭಾರಕ್ಕೂ ಕಾರು ಕೂಗುತ್ತದೆ. ಚೀಲಕ್ಕೆ ಬೆಲ್ಟು ಹಾಕಲು ನನಗೆ ನಾಚಿಕೆ. ಹಾಗಾಗಿ ಅವತ್ತಿನಿಂದ ಊರೂರಿಗೆ ಕೂಗಿಸಿಕೊಂಡೇ ಹೋಗುತ್ತಿದ್ದೇನೆ.

ಹಾಲು ನಿಂತದ್ದು

ಒಂದು ಬೆಳಿಗ್ಗೆ ಸೆಕ್ರೆಟರಿಯ ಫೋನು. ದನಿ ನಡುಗುತ್ತಿತ್ತು. "ಸಾ, ಬೇಗ ಬನ್ನಿ. ಊರ್ನೋರೆಲ್ಲ ಡೈರಿ ಮುಂದೆ ಸೇರವ್ರೆ. ಯಾವ ಅಸೂನೂ ಆಲು ಸೊರ ಬುಡ್ತಿಲ್ಲ. ನೀವು ಕೊಟ್ಟ ಕಾರ್ನಿಂದ್ಲೇ ಅಂತವ್ರೆ."

ಹೊಡೆದೇ ಹೊಡೆಯುತ್ತಾರೆ ಅಂದುಕೊಂಡೇ ಹೊರಟೆ. ದಾರಿಯುದ್ದಕ್ಕೂ ಹೊಸ ಕಾರಿಗೆ ಹೆದರುವುದನ್ನೇ ಮರೆತಿದ್ದೆ, ಜನರ ಭಯ ಅಷ್ಟಿತ್ತು.

ಹೋಗಿ ನೋಡಿದರೆ ಐವತ್ತು ಜನ, ಕೈಯಲ್ಲಿ ಖಾಲಿ ಕ್ಯಾನು. "ಯಾರೋ ಮಾಟ ಮಾಡಿಸವ್ರೆ ಕಣ್ಲಾ" ಅಂತ ಒಬ್ಬ, "ಕಾರ್ನ ಡಾಕ್ಟ್ರಿಗೇ ವಾಪಸ್ ಕೊಟ್ಬುಡ್ಲಾ" ಅಂತ ಇನ್ನೊಬ್ಬ. ನಾನು ಕೊಟ್ಟಿಗೆಯೊಂದಕ್ಕೆ ಹೋಗಿ ಅದೇ ಕೆಂದ ಹಸುವಿನ ಪಕ್ಕ ನಿಂತೆ. ಕರೆಯುತ್ತಿದ್ದ ಹೆಂಗಸಿನ ಚೊಂಬಿಗೆ ಹಾಲು ಸರಿಯಾಗೇ ಬೀಳುತ್ತಿತ್ತು. "ಈಗ ಕಾರು ತಗೊಂಡು ಬಾ" ಅಂತ ಸೆಕ್ರೆಟರಿಗೆ ಹೇಳಿಕಳಿಸಿದೆ.

ದೂರದಲ್ಲಿ ನನ್ನ ಹಳೇ ಕಾರಿನ ಕೀರಲು ದನಿ ಕೇಳಿತು. ನನಗೆ ಕಣ್ಣು ತುಂಬಿತು. ಹಸುವಿನ ಕಿವಿ ನೆಟ್ಟಗಾದವು. ಬಾಲ ಎದ್ದಿತು. ಹಾಲು ಗಕ್ಕನೆ ನಿಂತಿತು. ಚೊಂಬು ಒಂದು ಕಡೆ, ಹೆಂಗಸು ಒಂದು ಕಡೆ.

ಸೆಕ್ರೆಟರಿ ದಿನಕ್ಕೆರಡು ಸಲ, ಸರಿಯಾಗಿ ಹಾಲು ಕರೆಯುವ ಹೊತ್ತಿಗೇ ಡೈರಿಗೆ ಆ ಕಾರಿನಲ್ಲಿ ಬರುತ್ತಿದ್ದ. ಊರ ಹಸುಗಳೆಲ್ಲ ಡಾಕ್ಟರು ಬಂದರು ಅಂತ ಹೆದರಿ ಹಾಲು ಬಿಗಿಹಿಡಿಯುತ್ತಿದ್ದವು.

ಮದ್ದು ಹೇಳಿದೆ. "ಇನ್ನು ಮೇಲೆ ಕಾರಿಂದ ಇಳಿದಾಗಲೆಲ್ಲ ಒಂದೊಂದು ಹಸುವಿಗೂ ಒಂದು ಉಂಡೆ ಬೆಲ್ಲ ತಿನ್ನಿಸು. ಹದಿನೈದು ದಿನದಲ್ಲಿ ಹೆದರಿಕೆ ಬಿಡ್ತವೆ. ಅವು ಹೆದರೋದು ಕಾರಿಗಲ್ಲ, ಸೂಜಿಗೆ."

ಜನ ತಲೆಯಾಡಿಸಿದರು. ನಾನು ಹಣೆಯ ಬೆವರು ಒರೆಸಿಕೊಂಡು ಹೊಸ ಕಾರಿನ ಬಾಗಿಲ ಹತ್ತಿರ ಬಂದೆ. ಹತ್ತುವ ಮುಂಚೆ ಎಂದಿನಂತೆ ಕಣ್ಣು ಮುಚ್ಚಿ ಕೈ ಮುಗಿದೆ. ಎಮ್ಮೆಯ ಅಜ್ಜಿ ನೋಡುತ್ತಾ ನಿಂತಿದ್ದರು.

"ಅಲ್ಲಾ ಡಾಕ್ಟ್ರಪ್ಪ, ಅಸುಗೊಳ್ಗಾದ್ರೆ ನೀನು ಸೂಜಿ ಚುಚ್ಚಿದ್ದೆ, ಎದರ್ತವೆ. ನಿಂಗೆ ಈ ಕಾರು ಏನ್ ಚುಚ್ತು?"

ಐವತ್ತು ಜನ ಒಟ್ಟಿಗೆ ನಕ್ಕರು. ನಾನು ಕಾರು ಹತ್ತಿ ಬಾಗಿಲು ಹಾಕಿಕೊಂಡೆ.

ಮನೆಯಲ್ಲಿ ಹೆಂಡತಿಗೆ ಹೇಳಿ ತಪ್ಪು ಮಾಡಿದೆ. ಮರುದಿನದಿಂದ ಸ್ಟೇರಿಂಗ್ ಪಕ್ಕ ಒಂದು ಉಂಡೆ ಬೆಲ್ಲ ಇಡತೊಡಗಿದಳು. ನಾನೂ ತಿಂದೆ. ಹದಿನೈದು ದಿನದಲ್ಲಿ ಹೆದರಿಕೆ ಬಿಟ್ಟಿತು ಅಂತ ಬೇರೆ ಯಾರಿಗೂ ಹೇಳಿಲ್ಲ.

ಹೋದ ವಾರ ಕಾಲುಬಾಯಿ ಜ್ವರದ ಲಸಿಕೆ ಹಾಕಲು ಮತ್ತೆ ಆ ಊರಿಗೆ ಹೋದೆ. ಡೈರಿ ಮುಂದೆ ನನ್ನ ಹಳೇ ಕಾರು ನಿಂತಿತ್ತು; ಏಳೆಂಟು ಹಸುಗಳು ಬೆಲ್ಲಕ್ಕಾಗಿ ಅದನ್ನು ಸುತ್ತುವರಿದು ಗಾಜು ನೆಕ್ಕುತ್ತಿದ್ದವು. ನನ್ನ ಹೊಸ ಕಾರು ಔಷಧಿ ಚೀಲದ ಭಾರಕ್ಕೆ ಕುಂಯ್ ಕುಂಯ್ ಅನ್ನುತ್ತಾ ಊರೊಳಗೆ ಹೊಕ್ಕಿತು. ಎಲ್ಲ ಹಸುಗಳೂ ಒಟ್ಟಿಗೆ ತಲೆಯೆತ್ತಿದವು. ಮೊಣಕೈ ನೆಕ್ಕಿದ್ದ ಆ ಕೆಂದ ಹಸು ಬಾಲ ನೆಟ್ಟಗೆ ಮಾಡಿಕೊಂಡು, ನನ್ನ ಕಾರಿನ ಮುಂದೆಯೇ ಹಾದು ಗದ್ದೆಗೆ ಓಟ ಕಿತ್ತಿತು.

"ಡಾಕ್ಟ್ರು ಬಂದ್ರು, ದನ ಇಡ್ಕೊಳ್ರೋ!" ಅಂತ ಅಜ್ಜಿ ಕೂಗಿದರು.

ನಾನು ಗಕ್ಕನೆ ಬ್ರೇಕು ಹಾಕಿದೆ. ಬಲಗಾಲಿನಲ್ಲೇ.