ರೇಟು ಇಳಿದ ಬಾಂಬು

ಮಧ್ಯಾಹ್ನ ಸರಿಯಾಗಿ ಮೂರು ಗಂಟೆ ಹತ್ತು ನಿಮಿಷಕ್ಕೆ, ತರೀಕೆರೆಯಿಂದ ಅಜ್ಜಂಪುರಕ್ಕೆ ಹೊರಟಿದ್ದ ಬಸ್ಸಿನಲ್ಲಿ ನಮ್ಮ ಸೋದರಮಾವನ ಬಾಂಬು ಕೂಗಿತು. ಬಾಂಬನ್ನೂ ರೇಟು ಇಳಿದ ಮೇಲೆಯೇ ಕೊಂಡ ಮಹಾನುಭಾವ ಆತ! ಎಂಬತ್ತರ ದಶಕದ ಮಾತಾದರೂ, ನೆನೆದರೆ ಈಗಲೂ ಸಿಟ್ಟು ನೆತ್ತಿಗೇರುತ್ತದೆ.

ಮಾವನೇನು ಬಡವನಲ್ಲ, ಅಜ್ಜಂಪುರದಲ್ಲಿ ಈರುಳ್ಳಿ ಮಂಡಿ ಇತ್ತು. ಆದರೆ ಹೊಸ ವಸ್ತುವನ್ನು ಬಂದ ಕೂಡಲೇ ಕೊಳ್ಳುವವರೆಲ್ಲ ಆತನ ಲೆಕ್ಕದಲ್ಲಿ ಪೆದ್ದರು. ಕೊಡೆ ಕೊಳ್ಳುವುದು ಮಳೆಗಾಲ ಮುಗಿದ ಮೇಲೆ, ಕಂಬಳಿ ಕೊಳ್ಳುವುದು ಶಿವರಾತ್ರಿ ಕಳೆದ ಮೇಲೆ. ಸಿನಿಮಾ? ಕಡೂರಿನ ಟಾಕೀಸಿನಲ್ಲಿ ನೋಡುವಂತಿಲ್ಲ. ಊರೂರು ಸುತ್ತಿ ಟೆಂಟಿಗೆ ಬರಬೇಕು. ಅಷ್ಟರಲ್ಲಿ ರೀಲು ಸವೆದು ಕೊನೆಯ ಹೊಡೆದಾಟವೇ ಮಾಯ! ಮಾವನ ಪಾಲಿಗೆ ಎಷ್ಟೋ ಖಳನಾಯಕರು ಇವತ್ತಿಗೂ ಸುಖವಾಗಿ ಬಾಳುತ್ತಿದ್ದಾರೆ.

ಇದನ್ನೆಲ್ಲ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಆ ವರ್ಷ ಆತನ ಮಗಳು, ಒಂಬತ್ತು ವರ್ಷದ ಸುಮಾ, ಸೀಬೆ ಮರದಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡಳು. ಸೊಂಟದಿಂದ ಪಾದದವರೆಗೆ ಪ್ಲಾಸ್ಟರ್, ತಿಂಗಳುಗಟ್ಟಲೆ ಮಂಚ. ಮಾತ್ರೆಯ ಅಮಲು ಇಳಿದರೆ ಬೆಳಗಿನ ಜಾವಕ್ಕೇ ಅಳು. ಮನೆಯಲ್ಲಿ ಯಾರಿಗೂ ಪೂರ್ತಿ ನಿದ್ದೆಯಿಲ್ಲ. ಅದೇ ಹೊತ್ತಿಗೆ ಕಡೂರಿನ ಫ್ಯಾನ್ಸಿ ಸ್ಟೋರಿಗೆ ವಿಡಿಯೊ ಗೇಮ್ ಬಂತು. ಅಂಗೈಯಗಲದ ಡಬ್ಬಿ, ಗಾಜಿನೊಳಗೆ ಉದುರುವ ಹಣ್ಣುಗಳನ್ನು ಪುಟ್ಟ ಗೊಂಬೆ ಬುಟ್ಟಿಯಲ್ಲಿ ಹಿಡಿಯಬೇಕು. ಮೂಲೆಯಲ್ಲಿ ಗಡಿಯಾರ, ಅಲಾರಂ ಬೇರೆ. ನಾನು ವರ್ಣಿಸುತ್ತಿದ್ದಂತೆ ಸುಮಾಳ ಕಣ್ಣು ಅರಳಿತು.

“ಇವತ್ತೇ ತಗೋ ಮಾವ.”

“ಲೇ, ಈಗಿನ್ನೂ ಬಂದೈತೆ, ರೇಟು ಮುಟ್ಟಂಗಿಲ್ಲ. ತಡಿ, ಇಳೀತದೆ.”

“ಅಷ್ಟೊತ್ತಿಗೆ ಪ್ಲಾಸ್ಟರೇ ಬಿಚ್ಚಿರ್ತಾರೆ!”

“ಬಿಚ್ಚಿದ್ರೆ ಒಳ್ಳೇದೇ ಆಯ್ತಲ್ಲೋ, ಆಟಾನೇ ಬೇಡ!”

ಕೇಳಿದಿರಾ? ಹೆತ್ತ ತಂದೆ ಆಡುವ ಮಾತೇ ಇದು?

ಕೆಲವು ವಾರಗಳ ಮೇಲೆ ತರೀಕೆರೆಯಲ್ಲಿ ಮುಚ್ಚುತ್ತಿದ್ದ ಅಂಗಡಿಯೊಂದು ಅರ್ಧ ರೇಟಿಗೆ ಮಾಲು ಮಾರುತ್ತಿದೆ ಎಂಬ ಸುದ್ದಿ ಬಂತು. ಬಿ.ಎಸ್ಸಿ. ಓದಿದವನೆಂದು ಮಾವ ನನ್ನನ್ನೂ ಎಳೆದುಕೊಂಡು ಹೋದ. ಆಟದ ಬಗ್ಗೆ ಒಂದು ಮಾತಿಲ್ಲ. ಅಲಾರಂ ಇಡುವುದು ಹೇಗೆಂದು ಅಂಗಡಿಯವನ ತಲೆ ತಿಂದ. ಪುಕ್ಕಟೆ ಗಡಿಯಾರ ಸಿಕ್ಕ ಸಂಭ್ರಮ! ಧೂಳು ಬೀಳಬಾರದೆಂದು, ಕೊಂಡ ಆಟವನ್ನು ಟಿಫಿನ್ ಕ್ಯಾರಿಯರಿನೊಳಗಿಟ್ಟು ಬಸ್ ಹತ್ತಿದ.

ವಾರಸುದಾರರಿಲ್ಲದ ಡಬ್ಬಿಗಳನ್ನು ಮುಟ್ಟಬೇಡಿ, ಬಾಂಬಿರಬಹುದು ಎಂದು ರೇಡಿಯೊ ಎಚ್ಚರಿಸುತ್ತಿದ್ದ ಕಾಲ. ದಾರಿಯ ಮಧ್ಯೆ ಸೀಟಿನಡಿಯಿಂದ ಪೀಂ ಪೀಂ ಪೀಂ!

“ಯಾರ್ದ್ರೀ ಈ ಡಬ್ಬಿ? ಕೂಗ್ತಾ ಐತೆ!” ಎಂದ ಕಂಡಕ್ಟರ್.

“ನಂದೇ ಕಣಪ್ಪಾ. ಆಟ ಅದು,” ಎಂದ ಮಾವ.

“ಊಟದ ಡಬ್ಬೀಲಿ ಆಟಾನಾ? ಬಾಂಬು ಕಣ್ರೋ, ಇಳ್ಕೊಳ್ಳಿ!”

ಡ್ರೈವರ್ ಏರಿನಲ್ಲೇ ಬಸ್ ನಿಲ್ಲಿಸಿ ಎಲ್ಲರಿಗಿಂತ ಮೊದಲು ಹಾರಿದ. ಹ್ಯಾಂಡ್‌ಬ್ರೇಕ್ ಹಾಕುವವರು ಯಾರು? ನೂಕುನುಗ್ಗಲು ನನ್ನನ್ನು ರಸ್ತೆಗೆ ಚೆಲ್ಲಿತು. ತಿರುಗಿ ನೋಡುತ್ತೇನೆ, ಬಸ್ಸು ಹಿಂದಕ್ಕೆ ಉರುಳುತ್ತಿದೆ. ಹಿಂದೆ ಕೆರೆ. ಒಳಗೆ ಮಾವ ಒಬ್ಬನೇ, ಸೀಟಿನಡಿ ಜಾರಿಹೋದ ಡಬ್ಬಿಗೆ ತಡಕಾಡುತ್ತಿದ್ದಾನೆ!

“ಬಿಟ್ಟು ಹಾರು ಮಾವಾ!”

“ಇದೊಂದೇ ಉಳ್ದಿದ್ದು ಕಣೋ! ಇನ್ನೊಂದು ಸಿಗಲ್ಲ!”

ಅರ್ಧ ರೇಟಿಗೆ ಇಡೀ ಪ್ರಾಣ! ರಸ್ತೆ ಬದಿಯ ಜಲ್ಲಿಯ ರಾಶಿ ಅಡ್ಡ ಸಿಕ್ಕಿ ಬಸ್ಸು ನಿಂತಿತು. ಅದರ ಬೆನ್ನಿಗೇ ನೀರು. ಮಾವ ಡಬ್ಬಿಯನ್ನು ಮಗುವಿನಂತೆ ಅವಚಿಕೊಂಡು ಇಳಿದ. ಅಜ್ಜಂಪುರ ಬರುವವರೆಗೂ ನಾನು ಆತನ ಮುಖ ನೋಡಲಿಲ್ಲ.

ಇನ್ನೂ ಕೇಳಿ. ಆ ಅಗ್ಗದ ಯಂತ್ರಕ್ಕೆ ಹಗಲು ರಾತ್ರಿಯ ಭೇದವೇ ತಿಳಿಯದು. ಬೆಳಗಿನ ಜಾವ ಮೂರೂ ಹತ್ತಕ್ಕೂ ಪೀಂ ಪೀಂ! ಮೊದಲೇ ನಿದ್ದೆಗೆಟ್ಟ ಮನೆಗೆ ಇದೊಂದು ಕಾಟ ಬೇರೆ! ಕೊನೆಗೊಂದು ಬೆಳಿಗ್ಗೆ ಆತನಿಗೆ ಮುಖದ ಮೇಲೆಯೇ ಹೇಳಿಬಿಡೋಣವೆಂದು ಹೋದೆ.

ಬಿಸಿಲೇರಿದರೂ ಮನೆಯಲ್ಲಿ ಸದ್ದಿಲ್ಲ. ಸುಮಾ ಬಾಯಿ ತೆರೆದು ನಿದ್ರಿಸುತ್ತಿದ್ದಳು. ಮಂಚದ ಪಕ್ಕ ನೆಲದ ಮೇಲೆ ಮಾವನೂ ಗಾಢ ನಿದ್ದೆಯಲ್ಲಿ, ಕೈಯಲ್ಲಿ ಆಟ.

“ಅಂತೂ ಅಲಾರಂ ಕೆಟ್ಟೋಯ್ತಾ ಅತ್ತೆ?” ಎಂದೆ, ಒಳಗಿನಿಂದ ಬಂದ ಮಾವನ ಹೆಂಡತಿಗೆ.

“ಶ್! ಕೆಟ್ಟಿಲ್ಲ ಕಣೋ, ಕೂಗ್ತು. ದಿನಾ ಬೆಳಗಿನ ಜಾವ ಮೂರೂ ಹತ್ತು ದಾಟಿದ್ರೆ ಇವಳಿಗೆ ನೋವು ಏಳ್ತಿತ್ತಲ್ಲ? ಅದಕ್ ಮುಂಚೆ ತಾವೆದ್ದು ಆಟ ಹಿಡ್ಕೊಂಡು ಕೂರಬೇಕು ಅಂತ ನಿಮ್ಮಾವ ಅಂಗಡೀಲೇ ಅಲಾರಂ ಇಡಿಸ್ಕೊಂಡು ಬಂದಿದ್ರು. ಇವತ್ತು ಅವಳೂ ಏಳ್ಲಿಲ್ಲ, ಇವರೂ ಏಳ್ಲಿಲ್ಲ.”

ಬೈಯಲೆಂದೇ ಹೋದವನು, ಬಾಗಿಲನ್ನು ಸದ್ದಾಗದಂತೆ ಮುಂದಕ್ಕೆಳೆದು ಬಂದೆ.