ಎರಡು ಎಂಬಿಎಗಳ ನಡುವೆ ಒಂದು ಅಡುಗೆಮನೆ

ನಮ್ಮ ಮನೆಗೆ ಕಳ್ಳ ನುಗ್ಗಿದರೆ ಬರಿಗೈಯಲ್ಲಿ ವಾಪಸು ಹೋಗುತ್ತಾನೆ ಎಂದು ಅಕ್ಕಪಕ್ಕದವರು ಹೇಳುತ್ತಿದ್ದರು. ನಾವು ಬಡವರು ಅಂತಲ್ಲ. ಪ್ರತಿಯೊಂದೂ ಎರಡೆರಡು ಇರುವ ಮನೆಯಲ್ಲಿ ಯಾವುದನ್ನು ಎತ್ತಲಿ, ಯಾವುದನ್ನು ಬಿಡಲಿ ಎಂದು ಯೋಚಿಸುವಷ್ಟರಲ್ಲಿ ಪಾಪ, ಅವನಿಗೆ ಬೆಳಗಾಗಿಬಿಡುತ್ತದಂತೆ!

ಈ ಮಾತು ಹುಟ್ಟಿಸಿದವರು ಮಹಡಿ ಮನೆಯ ಅಜ್ಜಿ. ಅಜ್ಜಿ ಹೇಳಿದ್ದು ಸುಳ್ಳೂ ಅಲ್ಲ. ನಮ್ಮ ಹಜಾರದಲ್ಲಿ ಎರಡು ಗೋಡೆ ಗಡಿಯಾರ, ಅಡುಗೆಮನೆಯಲ್ಲಿ ಎರಡು ಮಿಕ್ಸಿ, ಬಾಗಿಲಲ್ಲಿ ಎರಡು ಕಾಲೊರಸು. ಗೋಡೆಗೆ ನೀಲಿ ಬಳಿಸುವುದೋ ಕೆನೆಬಣ್ಣವೋ ಎಂದು ಪೇಂಟರನ್ನು ದಿನಗಟ್ಟಲೆ ಕೂರಿಸಿ, ಕೊನೆಗೆ ಅವನು ಏಣಿ ಹೆಗಲಿಗೇರಿಸಿ ಹೊರಟಾಗ, "ಅರ್ಧ ಅದು, ಅರ್ಧ ಇದು ಬಳಿದುಬಿಡಪ್ಪಾ" ಎಂದು ಅಂಗಲಾಚಿದ ಮಹಾಪುರುಷ ನಾನೇ. ಎರಡು ದೇಶಗಳ ಗಡಿ ತಕರಾರಿನ ಹಾಗೆ ಆ ಗೋಡೆ ಇವತ್ತಿಗೂ ನಿಂತಿದೆ.

ನನ್ನ ಹೆಂಡತಿ ಆಪರೇಷನ್ ಥಿಯೇಟರಿನ ನರ್ಸು. ಡಾಕ್ಟರು ಕೈ ಚಾಚುವ ಮೊದಲೇ ಬೇಕಾದ ಕತ್ತರಿ ಕೊಡುವ ಕೈ ಅವಳದು. ಮನೆಗೆ ಬಂದವರ ಮುಂದೆಲ್ಲ ಒಂದೇ ಮಾತು: "ಪುಣ್ಯಕ್ಕೆ ನನಗೆ ತಂಗಿ ಇರಲಿಲ್ಲ. ಇದ್ದಿದ್ರೆ ಇವರು ಇನ್ನೂ ನಮ್ಮಪ್ಪನ ಮನೆ ಸೋಫಾ ಮೇಲೇ ಕೂತು ಯೋಚಿಸ್ತಾ ಇರ್ತಿದ್ರು."

ಇಂಥ ನಾನು ಒಂದು ದಿನ ಪ್ರತಿಜ್ಞೆ ಮಾಡಿದೆ, ಕೇಳಿ!

ಆದದ್ದಿಷ್ಟು. ನಾನಿರುವುದು ಹಾಸಿಗೆ ತಯಾರಿಸುವ ಕಂಪನಿಯಲ್ಲಿ. ಗಿರಾಕಿಗಳ ಆರ್ಡರು ನೋಡಿಕೊಳ್ಳುವ ಕೆಲಸ. ಮೆತ್ತನೆಯದು ಕಳಿಸಲೋ ಗಟ್ಟಿಯದೋ ಎಂದು ನನಗೆ ಅನುಮಾನ ಬಂದಾಗಲೆಲ್ಲ ಗಿರಾಕಿಯ ಮನೆಗೆ ಎರಡೂ ಹೋಗಿವೆ. ನಮ್ಮ ಮಾಲೀಕರು ದೂರದ ಊರಲ್ಲಿ ಹೊಸ ಶಾಖೆ ತೆರೆಯುವವರಿದ್ದರು. ಅದೇ ಊರಿನ ದೊಡ್ಡ ಆಸ್ಪತ್ರೆಯಿಂದ ನನ್ನ ಹೆಂಡತಿಗೂ ಕೆಲಸದ ಕರೆ ಬಂದಿತ್ತು. ಅವಳು ಬಹುಕಾಲದಿಂದ ಆಸೆಪಟ್ಟ ಆಸ್ಪತ್ರೆ. ಸೋಮವಾರದೊಳಗೆ ಉತ್ತರ ಕೊಡಬೇಕಿತ್ತು.

"ನೀವು ಬಂದ್ರೂ ಹೋಗ್ತೀನಿ, ಬರದಿದ್ರೂ ಹೋಗ್ತೀನಿ" ಎಂದಳು. ಆಮೇಲೆ ಬಟ್ಟೆ ಮಡಚುತ್ತ, ಮುಖ ಆ ಕಡೆ ತಿರುಗಿಸಿ, "ಬಂದ್ರೆ ಚೆನ್ನಾಗಿರುತ್ತೆ" ಎಂದಳು.

ಮಾಲೀಕರು ನನ್ನನ್ನೂ ನನ್ನ ಜೊತೆಯವನನ್ನೂ ಕರೆದು ಕೂರಿಸಿದರು. ಆ ಜೊತೆಯವನಿಗೆ ಕಂಪನಿಯಲ್ಲಿ ಎಲ್ಲರೂ ಕರೆಯುವುದು 'ತಕ್ಷಣ' ಎಂದು. ಪ್ರಶ್ನೆ ಮುಗಿಯುವ ಮೊದಲೇ ಹೂಂ ಎನ್ನುವ ಆಸಾಮಿ.

"ಹೊಸ ಶಾಖೆ ಮ್ಯಾನೇಜರ್ ಎಂಬಿಎ ಓದ್ತಿರಬೇಕು. ಕೆಲಸ ಬಿಡೋದು ಬೇಡ, ಆನ್‌ಲೈನಿನಲ್ಲೇ ಓದಿ" ಎಂದರು ಮಾಲೀಕರು. "ಶನಿವಾರ ಸಂಜೆಯೊಳಗೆ ಎಲ್ಲಾದ್ರೂ ಸೇರಿ ನನಗೆ ತಿಳಿಸಿ. ಇಬ್ಬರೂ ಸೇರಿದ್ರೆ ಕುರ್ಚಿ ಹಿರಿಯನಿಗೆ."

ಹಿರಿಯ ನಾನೇ! ಎಲ್ಲಾದರೂ ಒಂದು ಕಡೆ ಸೇರಿಬಿಟ್ಟರೆ ಕುರ್ಚಿ ನನ್ನದು, ಊರು ನಮ್ಮದು! ಮನೆಗೆ ಬಂದವನೇ ಎದೆಯುಬ್ಬಿಸಿ ಘೋಷಿಸಿದೆ: "ಇವಳೇ, ಈ ಸಲ ಒಂದೇ! ಒಂದೇ ಒಂದು!"

"ಎರಡು ಸಲ ಹೇಳಿದ್ರಿ" ಎಂದಳು.

ಹುಡುಕಿದೆ. ಜರಡಿ ಹಿಡಿದೆ. ಆಮೇಲೆ ಉಳಿದವು, ಇನ್ನೇನು, ಎರಡು! ಒಂದು ಬೆಳಗಿನ ಎಂಬಿಎ. ದಿನಾ ಕೋಳಿ ಕೂಗುವ ಹೊತ್ತಿಗೆ ಪಾಠ. ಅದರ ಪರವಾಗಿ ಫೋನ್ ಮಾಡುತ್ತಿದ್ದ ಮೇಡಂ ದನಿ ಎಂಥದ್ದೆಂದರೆ ಕಿವಿಗೆ ಇರುವೆ ಮುತ್ತೀತು. ಅವರಿಗೆ ನಾನಿಟ್ಟ ಹೆಸರು ಜೇನು ಮೇಡಂ. ಇನ್ನೊಂದು ವಾರಾಂತ್ಯದ ಎಂಬಿಎ. ಶನಿವಾರ, ಭಾನುವಾರ ಕೂತಲ್ಲಿಂದ ಏಳದೆ ಪಾಠ. ಅದರ ಸಾಹೇಬರು ಹಲೋ ಎಂದರೆ ಫೋನನ್ನು ಮಾರು ದೂರ ಹಿಡಿಯಬೇಕು. ಗುಡುಗು ಸಾಹೇಬರು.

"ನಿಮ್ಮಂಥ ಶಿಸ್ತಿನವರಿಗೇ ಸರ್ ಬೆಳಗಿನ ಪಾಠ" ಎನ್ನುವರು ಜೇನು. ಹೌದಲ್ಲ, ನಾನು ಶಿಸ್ತಿನವನು!

"ಬೆಳಿಗ್ಗೆ ಎದ್ದು ತೂಕಡಿಸ್ತಾ ಎಂಬಿಎ ಓದ್ತೀರೇನ್ರೀ?" ಎನ್ನುವರು ಗುಡುಗು. ಹೌದಲ್ಲ, ತೂಕಡಿಸುತ್ತೇನೆ!

ಯಾರು ಕೊನೆಗೆ ಫೋನ್ ಮಾಡಿದರೋ ನಾನು ಅವರ ಪಕ್ಷ. ಪ್ರವೇಶಕ್ಕೆ ಮೊದಲು ಸಂದರ್ಶನ ಇರುತ್ತದೆ, ಯಾವಾಗ ಅನುಕೂಲ ಎಂದು ಜೇನು ಕೇಳಿದರು. ಶನಿವಾರ ನಾಲ್ಕು ಗಂಟೆ ಎಂದೆ. ಗುಡುಗು ಕೇಳಿದರು. ಶನಿವಾರ ನಾಲ್ಕು ಗಂಟೆ ಎಂದೆ.

"ಅಯ್ಯೋ! ಇಬ್ಬರಿಗೂ ಅದೇ ಹೊತ್ತಾ?" ಹೆಂಡತಿ ತಲೆ ಚಚ್ಚಿಕೊಂಡಳು.

"ಅಷ್ಟರೊಳಗೆ ಒಂದನ್ನ ಕೈಬಿಡ್ತೀನಿ ಅಂದ್ಕೊಂಡಿದ್ದೆ."

"ಈಗಲೇ ಒಬ್ರಿಗೆ ಫೋನ್ ಮಾಡಿ ಬೇಡ ಅನ್ನಿ."

"ಯಾರಿಗೆ?"

"ಯಾರಿಗಾದ್ರೂ ರೀ!"

"ಅದೇ ಗೊತ್ತಾಗ್ತಿಲ್ವಲ್ಲೇ!"

ಶನಿವಾರ ಬಂತು. ಒಂದು ಗಡಿಯಾರದ ಪ್ರಕಾರ ನಾಲ್ಕಾಗಿತ್ತು, ಇನ್ನೊಂದರ ಪ್ರಕಾರ ಇನ್ನೂ ಆಗಿರಲಿಲ್ಲ. ಎದೆ ಮಾತ್ರ ಎರಡಕ್ಕಿಂತಲೂ ಮುಂದೆ ಓಡುತ್ತಿತ್ತು. ಹಜಾರದ ಮೇಜಿನ ಮೇಲೆ ಲ್ಯಾಪ್‌ಟಾಪ್, ಅದರಲ್ಲಿ ಜೇನು. ಅಡುಗೆಮನೆಯ ಕಟ್ಟೆಯ ಮೇಲೆ, ಸಕ್ಕರೆ ಡಬ್ಬಕ್ಕೆ ಒರಗಿಸಿದ ಫೋನು, ಅದರಲ್ಲಿ ಗುಡುಗು. ನಡುವೆ ಓಣಿಯಷ್ಟು ಅಗಲದ ಜಾಗ, ಅದರಲ್ಲಿ ಬೆವರುತ್ತಿರುವ ನಾನು. ಉಪಾಯ ರಾಜನೀತಿಯ ಮಟ್ಟದ್ದು: ಹಜಾರದಲ್ಲಿ ಒಂದು ಪ್ರಶ್ನೆಗೆ ಉತ್ತರಿಸುವುದು, ಆಮೇಲೆ ನೆಟ್‌ವರ್ಕ್ ಕೈಕೊಟ್ಟಂತೆ ಕಲ್ಲಾಗಿ ಕೂರುವುದು, ಕ್ಯಾಮೆರಾ, ಮೈಕು ಆರಿಸಿ ಅಡುಗೆಮನೆಗೆ ಓಡುವುದು. ಅಲ್ಲೂ ಹಾಗೇ ಮಾಡಿ ಇಲ್ಲಿಗೆ ಓಡಿಬರುವುದು.

ಹೆಂಡತಿ ಬಾಗಿಲ ಬಳಿ ಕೈಕಟ್ಟಿ ನಿಂತಿದ್ದಳು. ಥಿಯೇಟರಿನಲ್ಲಿ ಕೇಸು ಕೆಡುತ್ತಿರುವಾಗ ನರ್ಸುಗಳು ಹೀಗೇ ನಿಲ್ಲುತ್ತಾರೇನೋ.

"ನಿಮ್ಮ ಬಗ್ಗೆ ಹೇಳಿ ಸರ್" ಎಂದರು ಜೇನು.

ಹೇಳಿದೆ. ಹಾಸಿಗೆಯಿಂದ ಶುರುಮಾಡಿ ನಾಯಕತ್ವದವರೆಗೆ ಹೇಳಿದೆ. ಅಡುಗೆಮನೆಯಿಂದ "ಹಲೋ! ಯಾರಾದ್ರೂ ಇದ್ದೀರೇನ್ರೀ?" ಎಂಬ ಗುಡುಗು ಕೇಳಿಸಿತು. ತಟ್ಟನೆ ಬಾಯಿ ಅರ್ಧ ತೆರೆದು, ಒಂದು ಕೈ ಗಾಳಿಯಲ್ಲೇ ಬಿಟ್ಟು ಕಲ್ಲಾದೆ.

"ಸರ್? ನೀವು ನಿಂತ್ಬಿಟ್ರಿ ಸರ್."

ರೆಪ್ಪೆ ಕೂಡ ಬಡಿಯಲಿಲ್ಲ ನಾನು!

"ಆದ್ರೆ ಸರ್... ನಿಮ್ಮ ಹಿಂದಿರೋ ಫ್ಯಾನು ತಿರುಗ್ತಾ ಇದೆಯಲ್ಲ?"

ಸತ್ತೆ! ಬೆನ್ನಲ್ಲಿ ಬೆವರಿನ ಹೊಳೆ. ಆಗ ನನ್ನ ಹೆಂಡತಿ, ಆ ಮಹಾತಾಯಿ, ಗೋಡೆಗೆ ಒತ್ತಿಕೊಂಡು ಸರಿದುಹೋಗಿ ಫ್ಯಾನಿನ ಸ್ವಿಚ್ಚು ಆರಿಸಿದಳು. ಫ್ಯಾನು ಒಮ್ಮೆಲೇ ನಿಲ್ಲುತ್ತದೆಯೇ? ಸುತ್ತಿತು, ಇನ್ನೊಂದು ಸುತ್ತು ಸುತ್ತಿತು, ನಿದ್ದೆ ಬಂದವರ ಹಾಗೆ ತೂಗಾಡಿ ನಿಂತಿತು.

"ಇದೆಂಥಾ ನೆಟ್‌ವರ್ಕ್ ಸರ್, ಇಷ್ಟು ನಿಧಾನವಾಗಿ ನಿಲ್ಲುತ್ತೆ!" ಎಂದರು ಜೇನು.

ಕ್ಯಾಮೆರಾ ಆರಿಸಿ ಓಡಿದೆ. ಕಾಲೊರಸು ಜಾರಿತು. ಎರಡಿದ್ದವಲ್ಲ, ಇನ್ನೊಂದೂ ಜಾರಿತು. ಅಡುಗೆಮನೆಗೆ ತೆವಳಿಕೊಂಡೇ ಬಂದು ಫೋನಿನ ಮುಂದೆ ಮುಖ ಎತ್ತಿದೆ.

"ಎಲ್ರೀ ಹೋಗಿದ್ರಿ?" ಗುಡುಗಿದರು ಸಾಹೇಬರು.

"ಇಲ್ಲೇ ಸಾರ್, ಪೆನ್ನು ಬಿದ್ದಿತ್ತು."

"ಅಷ್ಟು ಹೊತ್ತಾ? ಬಾವಿಗೆ ಬಿದ್ದಿತ್ತೇನ್ರೀ? ಇರಲಿ, ಹೇಳಿ. ನಮ್ಮ ಕೋರ್ಸನ್ನೇ ಯಾಕೆ ಆರಿಸಿಕೊಂಡ್ರಿ?"

"ಬೆಳಿಗ್ಗೆ ಎದ್ದು ಓದೋ ಶಿಸ್ತು ನನಗೆ ಬಹಳ ಇಷ್ಟ ಸಾರ್."

"ನಮ್ಮದು ವಾರಾಂತ್ಯದ್ದು ಕಣ್ರೀ!"

"ವಾರಾಂತ್ಯದಲ್ಲಿ... ಬೆಳಿಗ್ಗೆ ಎದ್ದು ಸಾರ್!"

ಹಜಾರದಿಂದ ಜೇನು ಕರೆಯುತ್ತಿದ್ದರು: "ಸರ್, ಬಂದ್ರಾ? ಒಂದೇ ಪ್ರಶ್ನೆ ಉಳಿದಿದೆ ಸರ್. ನಮ್ಮ ಕೋರ್ಸನ್ನೇ ಯಾಕೆ ಆರಿಸಿಕೊಂಡ್ರಿ?"

ಪ್ರಶ್ನೆ ಎರಡು ಕಡೆಯೂ ಒಂದೇ! ನನ್ನ ತಲೆಯಲ್ಲಿ ದೀಪ ಹತ್ತಿತು. ಒಂದೇ ಪ್ರಶ್ನೆಗೆ ಎರಡು ಸಲ ಓಡುವುದೇಕೆ? ಫೋನನ್ನು ಕೈಯಲ್ಲೇ ಹಿಡಿದು ಹಜಾರಕ್ಕೆ ಹೋದೆ. ಲ್ಯಾಪ್‌ಟಾಪಿನ ಮುಂದೆ ಕೂತು ಕ್ಯಾಮೆರಾ, ಮೈಕು ಹಾಕಿದೆ. ಬಾಗಿಲಿನಿಂದ ಹೆಂಡತಿ "ಬೇಡ, ಬೇಡ" ಎಂದು ಕೈಯಾಡಿಸುತ್ತಿದ್ದಳು. ಈ ವೀರ ಕೇಳಲಿಲ್ಲ.

"ಎಷ್ಟೇ ಹುಡುಕಿದರೂ ನಿಮ್ಮಂಥ ಸಂಸ್ಥೆ ಇನ್ನೊಂದಿಲ್ಲ! ನನ್ನ ಮನಸ್ಸಿನಲ್ಲಿ ಎರಡನೆಯ ಹೆಸರೇ ಇರಲಿಲ್ಲ!" ಎಂದು ಭಾಷಣ ಬಿಗಿಯುತ್ತ, ಹಣೆಯ ಬೆವರು ಒರೆಸಲು ಕೈ ಎತ್ತಿದೆ. ಫೋನಿದ್ದ ಕೈ. ಫೋನು ಲ್ಯಾಪ್‌ಟಾಪಿನ ಕಡೆ ತಿರುಗಿತು. ಗುಡುಗು ಸಾಹೇಬರೂ ಜೇನು ಮೇಡಮ್ಮೂ ಮುಖಾಮುಖಿ!



"ಯಾರಮ್ಮಾ ನೀವು?" ಎಂದರು ಗುಡುಗು.

"ಬೆಳಗಿನ ಎಂಬಿಎ. ತಾವು?"

"ವಾರಾಂತ್ಯದ ಎಂಬಿಎ."

"ಓ, ಆ ತೂಕಡಿಸೋರು ಅಂತ ನಮ್ಮನ್ನ ಆಡಿಕೊಳ್ಳೋರು ನೀವೇನಾ?" ಜೇನು ಕಣಜವಾಯಿತು.

"ಎರಡನೇ ಹೆಸರೇ ಇರಲಿಲ್ಲ ಅಂದ್ರಲ್ಲ ಈ ಮನುಷ್ಯ!" ಎಂದರು ಸಾಹೇಬರು.

ಇಬ್ಬರೂ ಒಟ್ಟಿಗೇ ನನ್ನ ಕಡೆ ನೋಡಿದರು. ಮಾಡುವುದೇನು? ನಾನು ಕಲ್ಲಾದೆ.

"ನಾಟಕ ಸಾಕು ಸರ್, ಫ್ಯಾನು ನಿಂತಿದ್ರೂ ನಿಮ್ಮ ಬೆವರು ಇಳೀತಾ ಇದೆ" ಎಂದರು ಜೇನು. ಆಮೇಲೆ ಬಹಳ ಮರ್ಯಾದೆಯಿಂದ, "ಸಾಹೇಬ್ರೇ, ಇವರನ್ನ ನೀವೇ ಇಟ್ಕೊಳ್ಳಿ" ಎಂದರು.

"ಛೆ ಛೆ, ಬೇಡಮ್ಮ! ಮೊದಲು ಕೂತಿದ್ದು ನಿಮ್ಮ ಮುಂದೆ. ನೀವೇ ಇಟ್ಕೊಳ್ಳಿ."

"ನಮ್ಮಲ್ಲಿ ಸೀಟು ತುಂಬಿದೆ."

"ನಮ್ಮಲ್ಲಿ ಈಗ ತಾನೇ ತುಂಬ್ತು."

ಎರಡೂ ತೆರೆ ಕಪ್ಪಾದವು. ಒಂದರಲ್ಲೂ ನನ್ನದೇ ಮುಖ, ಇನ್ನೊಂದರಲ್ಲೂ ನನ್ನದೇ ಮುಖ.

ಹೆಂಡತಿ ಬಯ್ಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಮೆಲ್ಲಗೆ ಬಂದು ಫ್ಯಾನು ಹಾಕಿ, "ವಾರಕ್ಕೊಂದು ಸಲ ಬಸ್ಸು ಹಿಡಿದು ಬರ್ತೀನಿ ಬಿಡಿ" ಎಂದಳು.  ಆಗ ನನಗೆ ಹೊಳೆಯಿತು. ಹೆಂಡತಿಯೊಬ್ಬಳೇ ನಮ್ಮ ಮನೆಯಲ್ಲಿ ಎರಡಿಲ್ಲದ ವಸ್ತು!

ಫೋನು ಹೊಡೆದುಕೊಂಡಿತು. ಮಾಲೀಕರು.

"ಎಲ್ಲಿ ಸೇರಿದೆಯಯ್ಯಾ?"

"ಎಲ್ಲೂ ಇಲ್ಲ ಸಾರ್. ಹೋಯ್ತು."

"ಒಂದು ಕಡೆಯೂ ಆಗ್ಲಿಲ್ವಾ?"

"ಎರಡು ಕಡೆ ಆಗ್ಲಿಲ್ಲ ಸಾರ್."

ಮಾಲೀಕರು ನಿಟ್ಟುಸಿರು ಬಿಟ್ಟರು. "ನಮ್ಮ 'ತಕ್ಷಣ' ಅವತ್ತೇ ಸೇರಿದ. ಮೊದಲು ಕಂಡ ಜಾಹೀರಾತು ಒತ್ತಿದನಂತೆ. ಪಾಠ ಶುರುವಾಗಿದೆ, ಯಾವ ಭಾಷೆ ಅಂತ್ಲೇ ಅವನಿಗೆ ತಿಳೀತಿಲ್ಲ. ಕೊಟ್ಟ ಮಾತು ಕೊಟ್ಟಿದ್ದೇ, ಕುರ್ಚಿ ಅವನಿಗೆ. ಆದ್ರೆ ನನಗೆ ಜೀವ ಹೊಡ್ಕೊಳ್ತಿದೆ ಕಣಯ್ಯಾ. ಅವನು ಸಹಿ ಹಾಕೋಕೆ ಹೊರಟಾಗೆಲ್ಲ 'ಇನ್ನೊಂದು ಸಲ ಯೋಚಿಸೋಣ' ಅಂತ ಪ್ರಾಣ ತಿನ್ನೋ ಒಬ್ಬ ಪಕ್ಕದಲ್ಲಿರಬೇಕು. ಅದರಲ್ಲಿ ನಿನ್ನನ್ನ ಮೀರಿಸೋರು ಯಾರಿದ್ದಾರೆ? ಹೊಸ ಶಾಖೆಯಲ್ಲೇ ಅವನ ಕೈಕೆಳಗೆ ಕೆಲಸ, ನಿನಗಿಂತ ಚಿಕ್ಕವನ ಕೈಕೆಳಗೆ. ನಿಧಾನವಾಗಿ ಯೋಚಿಸಿ ಸೋಮವಾರ..."

"ಬರ್ತೀನಿ ಸಾರ್!"

ಆ ಕಡೆ ಮಾಲೀಕರು "ಹಲೋ, ಯಾರಯ್ಯಾ ಮಾತಾಡ್ತಿರೋದು?" ಎಂದರು. ಈ ಕಡೆ ಹೆಂಡತಿಯ ಬಾಯಿ ತೆರೆದದ್ದು ತೆರೆದೇ ಇತ್ತು. ಈ ಸಲ ನಿಜವಾಗಿಯೂ ಕಲ್ಲಾದವಳು ಅವಳು.

"ರೀ," ಎಂದಳು ಕೊನೆಗೆ, "ಒಂದೇ ಸಲ ಹೇಳಿದ್ರಿ!"

ಮನೆ ಖಾಲಿ ಮಾಡುವ ದಿನ ಅವಳದು ಒಂದೇ ಕಟ್ಟಪ್ಪಣೆ: ಲಾರಿಗೆ ಪ್ರತಿಯೊಂದರಲ್ಲೂ ಒಂದೇ. ನಾನು ಎರಡು ಗಡಿಯಾರಗಳನ್ನೂ ತಬ್ಬಿಕೊಂಡು ನಿಂತಾಗ ಒಂದನ್ನು ಕಿತ್ತು ಅಜ್ಜಿಗೆ ಕೊಟ್ಟಳು. "ಇದು ಹಿಂದೆ ಓಡೋದಾ, ಮುಂದೆ ಓಡೋದಾ?" ಎಂದು ಅಜ್ಜಿ ಕೇಳಿದರು. ನಮಗೂ ಗೊತ್ತಿರಲಿಲ್ಲ.

ಎಲ್ಲ ಮುಗಿದು, ಬರಿದಾದ ಮನೆಯಲ್ಲಿ ಕೊನೆಯ ಸಲ ನಿಂತೆ. ನೀಲಿ ಗೋಡೆ, ಕೆನೆ ಗೋಡೆ. ಮುಂಬಾಗಿಲು, ಹಿಂಬಾಗಿಲು. ಯಾವುದರಿಂದ ಹೊರಡಲಿ? ಮುಂಬಾಗಿಲಿಂದ ಹೋದರೆ ಬೀದಿಯವರಿಗೆಲ್ಲ ವಿದಾಯ ಹೇಳಬಹುದು. ಹಿಂಬಾಗಿಲಿಂದ ಹೋದರೆ ಲಾರಿ ಹತ್ತಿರ. ಯೋಚಿಸುತ್ತ ನಿಂತಿರುವಾಗಲೇ ಹಿಂಬಾಗಿಲಿಗೆ ಕಟಕ್ ಎಂದು ಬೀಗ ಬಿತ್ತು. ಹೆಂಡತಿ ಕೀಲಿಗೊಂಚಲು ಆಡಿಸುತ್ತ ಮುಂಬಾಗಿಲಿಗೆ ಬಂದಳು.

"ಈಗ ಒಂದೇ ಉಳಿದಿದೆ. ಬನ್ನಿ."

ಹೊಸಿಲ ಬಳಿ ಬಂದೆ. ಮತ್ತೆ ನಿಂತೆ.

"ಈಗ ಮತ್ತೇನು ರೀ?"

"ಯಾವ ಕಾಲು ಮುಂದಿಡ್ಲಿ ಅಂತ..."

ಲಾರಿಯವನು ಹಾರ್ನು ಬಾರಿಸಿದ. ಹೆಂಡತಿ ಹುಬ್ಬೇರಿಸಿದಳು. ಮಹಡಿಯಿಂದ ಅಜ್ಜಿ ಬಗ್ಗಿ ನೋಡುತ್ತಿದ್ದರು. ಇನ್ನು ತಡಮಾಡುವಂತಿರಲಿಲ್ಲ. ಹಲ್ಲು ಕಚ್ಚಿ, ಕಣ್ಣು ಮುಚ್ಚಿ, ಎರಡೂ ಕಾಲು ಜೋಡಿಸಿ ಹೊರಗೆ ಹಾರಿದೆ!